ಯೇನಾ: ಮಸೂರಗಳ ಊರಲ್ಲಿ ಎರಡು ದಿನ

ರೈಲು ನಿಲ್ದಾಣದ ಹೆಸರೇ ‘ಪಾರಾಡೀಸ್’. ಅಂದರೆ ಸ್ವರ್ಗ. ಲೈಪ್‌ಜಿಗ್‌ನಿಂದ ಒಂದು ಗಂಟೆ ಚಿಲ್ಲರೆ ಪ್ರಯಾಣ ಮಾಡಿ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ನಾನು ಸ್ವರ್ಗದಲ್ಲಿ ಇಳಿದಾಗ ಸಣ್ಣಗೆ ಮಳೆ ಹನೀತಿತ್ತು. ಪಕ್ಕದಲ್ಲೇ ಝಾಲೆ ನದಿ, ಅದರ ದಡಕ್ಕೆ ದೊಡ್ಡ ಪಾರ್ಕು. ಆ ಪಾರ್ಕಿನ ಹೆಸರೇ ನಿಲ್ದಾಣಕ್ಕೂ ಬಂದಿದೆ.

ಊರಿನ ಹೆಸರು ಯೇನಾ. ಬರೆಯೋದು ‘ಜೆ’ ಅಕ್ಷರದಿಂದ, ಹಾಗಾಗಿ ನಮ್ಮವರು ಜೇನಾ ಅಂತಾರೆ. ಜನಸಂಖ್ಯೆ ಒಂದು ಲಕ್ಷದ ಮೇಲೆ ಸ್ವಲ್ಪ, ನಮ್ಮ ಬೆಂಗಳೂರಿನ ಒಂದು ಬಡಾವಣೆಯಷ್ಟು. ಸುತ್ತ ಸುಣ್ಣಕಲ್ಲಿನ ಬೆಟ್ಟಗಳು, ನಡುವೆ ಗುಂಡಗೆ ಎದ್ದು ನಿಂತ ಒಂದೇ ಒಂದು ಗೋಪುರ. ಪೂರ್ವ ಜರ್ಮನಿ ಇದ್ದ ಕಾಲದಲ್ಲಿ, 1972ರಲ್ಲಿ ಕಟ್ಟಿ ಮುಗಿಸಿದ್ದು. ಊರಿನವರು ಅದನ್ನು ‘ಬಿಸ್ಕೆಟ್ ರೋಲ್’ ಅಂತ ಕರೀತಾರೆ. ನೋಡಿದರೆ ಹೌದು ಅನ್ನಿಸುತ್ತೆ.

ಆಫೀಸಿನ ಕೆಲಸ ಲೈಪ್‌ಜಿಗ್‌ನಲ್ಲಿ ಮುಗಿದು ಶನಿವಾರ, ಭಾನುವಾರ ಕೈಯಲ್ಲಿತ್ತು. ಸಹೋದ್ಯೋಗಿಗಳು ಪ್ರಾಗ್‌ಗೆ ಹೊರಟರು. ನಾನು ಇಲ್ಲಿಗೆ ಬಂದೆ. ರಕ್ತಪರೀಕ್ಷೆ ಮಾಡಿಸಿಕೊಂಡವರು, ಮೈಕ್ರೋಸ್ಕೋಪ್ ಕೆಳಗೆ ಈರುಳ್ಳಿ ಸಿಪ್ಪೆ ನೋಡಿದವರು, ಎಲ್ಲರೂ ಈ ಊರಿನ ಋಣದಲ್ಲಿದ್ದಾರೆ.

ಮೊದಲ ನಿರಾಸೆ: ಇಲ್ಲಿನ ಹೆಸರಾಂತ ಆಪ್ಟಿಕಲ್ ಮ್ಯೂಸಿಯಂ ನವೀಕರಣಕ್ಕೆ ಮುಚ್ಚಿತ್ತು. ಸರಿ, ಊರನ್ನೇ ಮ್ಯೂಸಿಯಂ ಅಂದ್ಕೊಂಡು ಕೊಡೆ ಬಿಚ್ಚಿ ನಡೆಯೋಕೆ ಶುರು ಮಾಡಿದೆ.

ಕಾರ್ಲ್ ಝೈಸ್ ಎಂಬಾತ 1846ರಲ್ಲಿ ಇಲ್ಲಿ ಸಣ್ಣದೊಂದು ವರ್ಕ್‌ಶಾಪ್ ತೆರೆದ. ವಿಶ್ವವಿದ್ಯಾಲಯಕ್ಕೆ ಬೇಕಾದ ಉಪಕರಣ ಮಾಡಿಕೊಡೋದು, ರಿಪೇರಿ ಮಾಡೋದು ಕೆಲಸ. ಸಸ್ಯಗಳೆಲ್ಲ ಜೀವಕೋಶಗಳಿಂದ ಆಗಿವೆ ಎಂದು ಸಾರಿದ ಶ್ಲೈಡೆನ್ ಇದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. ‘ಒಳ್ಳೇ ಮೈಕ್ರೋಸ್ಕೋಪ್ ಮಾಡು’ ಎಂದು ಝೈಸ್‌ನನ್ನು ಹುರಿದುಂಬಿಸಿದವನೂ ಅವನೇ. ಆದರೆ ಆಗ ಲೆನ್ಸ್ ಮಾಡೋ ಪದ್ಧತಿ ಹೇಗಿತ್ತು ಅಂದರೆ, ಹತ್ತಾರು ಮಸೂರ ಉಜ್ಜಿ, ಒಂದರ ಮೇಲೊಂದು ಇಟ್ಟು ನೋಡೋದು. ಚೆನ್ನಾಗಿ ಕಂಡರೆ ಇಟ್ಕೊಳ್ಳೋದು, ಇಲ್ಲಾಂದ್ರೆ ಬದಲಾಯಿಸೋದು. ಕೋಡ್ ಓಡೋವರೆಗೂ ಏನೇನೋ ಬದಲಾಯಿಸ್ತಾ ಕೂರೋ ನಮ್ಮವರಿಗೆ ಇದು ಅರ್ಥವಾಗುತ್ತೆ.

ಝೈಸ್‌ಗೆ ಅದು ಸಾಕಾಗಲಿಲ್ಲ. 1866ರಲ್ಲಿ ಎರ್ನ್‌ಸ್ಟ್ ಅಬ್ಬೆ ಎಂಬ ಇಪ್ಪತ್ತಾರರ ಮೇಷ್ಟರನ್ನು ಕರೆದು, ಲೆಕ್ಕ ಹಾಕಿ ಲೆನ್ಸ್ ಮಾಡೋಣ ಅಂದ. ಅಬ್ಬೆ ಲೆಕ್ಕ ಹಾಕಿದ. ಆದರೆ ಲೆಕ್ಕದ ಪ್ರಕಾರ ತಯಾರಾದ ಮೊದಲ ಲೆನ್ಸುಗಳು, ಕಣ್ಣಂದಾಜಿನಲ್ಲಿ ಮಾಡಿದ ಹಳೇ ಲೆನ್ಸುಗಳಿಗಿಂತ ಕಡಿಮೆ ವಿವರ ತೋರಿಸಿದವು! ಬಿಂಬದ ದೋಷ ಕಡಿಮೆ ಮಾಡಲು ಅವನು ಲೆನ್ಸಿನ ಬಾಯಿಯನ್ನು ಕಿರಿದು ಮಾಡಿದ್ದ. ಅಲ್ಲೇ ಇತ್ತು ಗುಟ್ಟು. ವಸ್ತುವಿನ ವಿವರ ಎಷ್ಟು ಸಣ್ಣದೋ, ಅದಕ್ಕೆ ತಾಗಿದ ಬೆಳಕು ಅಷ್ಟು ಅಗಲಕ್ಕೆ ಚದುರುತ್ತೆ. ಆ ಅಗಲಕ್ಕೆ ಚದುರಿದ ಬೆಳಕು ಲೆನ್ಸಿನೊಳಗೆ ಬರಲೇ ಇಲ್ಲ ಅಂದರೆ ಆ ವಿವರವೂ ಬರಲಿಲ್ಲ ಅಂತಲೇ. ಆಮೇಲೆ ಎಷ್ಟು ದೊಡ್ಡದು ಮಾಡಿದರೂ ಮಸುಕೇ ದೊಡ್ಡದಾಗೋದು.

ಇದನ್ನು ಅವನು 1873ರಲ್ಲಿ ಪ್ರಕಟಿಸಿದ. ಅದರ ಸೂತ್ರವನ್ನು ವಿಶ್ವವಿದ್ಯಾಲಯದ ಮುಖ್ಯ ಕಟ್ಟಡದ ಹೊರಗೆ ಒಂದು ಸ್ಮಾರಕಶಿಲೆಯ ಮೇಲೆ ಕೊರೆದಿದ್ದಾರೆ. ಬೆಳಕಿನ ತರಂಗಾಂತರವನ್ನು, ಲೆನ್ಸು ಬೆಳಕು ಹಿಡಿಯುವ ಸಾಮರ್ಥ್ಯದ ಎರಡರಷ್ಟರಿಂದ ಭಾಗಿಸಿ. ಬಂದ ಉತ್ತರಕ್ಕಿಂತ ಹತ್ತಿರ ಇರುವ ಎರಡು ಚುಕ್ಕೆಗಳು ನಿಮಗೆ ಬೇರೆ ಬೇರೆಯಾಗಿ ಕಾಣೋದಿಲ್ಲ. ಅಷ್ಟೇ. ದೊರೆಗಳ, ದಂಡನಾಯಕರ ಕಲ್ಲು ಬೇಕಾದಷ್ಟು ನೋಡಿದ್ದೀನಿ. ‘ಇಷ್ಟೇ ಸಾಧ್ಯ, ಇದರಾಚೆ ಇಲ್ಲ’ ಅಂತ ಬರೆಸಿಕೊಂಡ ಕಲ್ಲು ನೋಡಿದ್ದು ಇದೇ ಮೊದಲು.

ಆ ಕಲ್ಲಿನ ಮುಂದೆ ನಾನು ಇಪ್ಪತ್ತು ನಿಮಿಷ ನಿಂತೆ. ಕಾರಣ ಇತ್ತು. ನಾನು ಕೆಲಸ ಮಾಡೋ ಕಂಪನಿ ಚಿಕ್ಕದು. ರಕ್ತದ ಸ್ಲೈಡಿನ ಫೋಟೊ ನೋಡಿ ಕೋಶಗಳನ್ನು ಗುರುತಿಸುವ, ಎಣಿಸುವ ಸಾಫ್ಟ್‌ವೇರ್ ನಮ್ಮದು. ತಾಲ್ಲೂಕು ಮಟ್ಟದ ಲ್ಯಾಬುಗಳಿಗೆ ಅಂತ ಕಡಿಮೆ ಬೆಲೆಯ ಯಂತ್ರ ಮಾಡ್ತಿದ್ದೀವಿ. ಮಲೇರಿಯಾ ನೋಡೋಕೆ ನೂರು ಪಟ್ಟಿನ, ಎಣ್ಣೆ ಹಾಕಿ ನೋಡುವ ಲೆನ್ಸ್ ಬೇಕು. ಅದು ದುಬಾರಿ, ಪ್ರತಿ ಸಲ ಎಣ್ಣೆ ಹಾಕು, ಒರೆಸು ಅನ್ನೋ ರಗಳೆ ಬೇರೆ. ‘ನಲವತ್ತು ಪಟ್ಟಿನ ಒಣ ಲೆನ್ಸ್ ಸಾಕು, ಉಳಿದದ್ದನ್ನು ಎಐ ಶಾರ್ಪ್ ಮಾಡ್ಕೊಳ್ಳುತ್ತೆ’ ಅನ್ನೋ ಪ್ರಸ್ತಾಪ ಆಫೀಸಿನಲ್ಲಿ ಬಂದಿತ್ತು. ಸೋಮವಾರ ನಾನು ಅಭಿಪ್ರಾಯ ಬರೆದು ಕಳಿಸಬೇಕಿತ್ತು.

ಫೋನ್ ತೆಗೆದು ಅಲ್ಲೇ ಕಲ್ಲಿನ ಸೂತ್ರಕ್ಕೆ ಅಂಕಿ ಹಾಕಿದೆ. ಹಸಿರು ಬೆಳಕು 550 ನ್ಯಾನೊಮೀಟರ್. ಸಾಮಾನ್ಯ ನಲವತ್ತು ಪಟ್ಟಿನ ಲೆನ್ಸಿನ ಸಾಮರ್ಥ್ಯ 0.65. ಉತ್ತರ ಸುಮಾರು 420 ನ್ಯಾನೊಮೀಟರ್. ಎಣ್ಣೆಯ ಲೆನ್ಸು 1.25, ಉತ್ತರ 220. ಕೆಂಪು ರಕ್ತಕಣ ಏಳೆಂಟು ಮೈಕ್ರಾನ್ ಅಗಲ. ಎಣಿಸೋಕೆ ಯಾವುದಾದರೂ ನಡೆಯುತ್ತೆ. ಆದರೆ ಅದರೊಳಗೆ ಉಂಗುರದ ಹಾಗೆ ಕೂತ ಮಲೇರಿಯಾ ಪರಾವಲಂಬಿ ಒಂದೆರಡು ಮೈಕ್ರಾನ್, ಉಂಗುರದ ಹರಳಿನಂಥ ಚುಕ್ಕೆ ಇನ್ನೂ ಸಣ್ಣದು. ಲೆನ್ಸಿನೊಳಗೆ ಬಾರದ ವಿವರವನ್ನು ಸಾಫ್ಟ್‌ವೇರ್ ಎಲ್ಲಿಂದ ತರುತ್ತೆ? ಹಿಂದೆ ನೋಡಿದ ಸಾವಿರಾರು ಚಿತ್ರಗಳ ನೆನಪಿನಿಂದ. ಅಂದರೆ ಇಲ್ಲದ ಕಡೆ ಉಂಗುರ ಬರೆಯಬಹುದು, ಇದ್ದ ಕಡೆ ಅಳಿಸಲೂಬಹುದು, ಎರಡೂ ಬಲು ಅಂದವಾಗಿ. ಎಣ್ಣೆಯ ಉಪಾಯವೂ ಬೆಳೆದದ್ದು ಇಲ್ಲೇ. ಲೆನ್ಸಿಗೂ ಸ್ಲೈಡಿಗೂ ನಡುವೆ ಗಾಳಿಯ ಬದಲು ಎಣ್ಣೆ ತುಂಬಿದರೆ ಓರೆಯಾಗಿ ಹೊರಟ ಬೆಳಕೂ ಒಳಗೆ ಬರುತ್ತೆ. ಕ್ಷಯದ ಬ್ಯಾಕ್ಟೀರಿಯಾವನ್ನು 1882ರಲ್ಲಿ ಲೋಕಕ್ಕೆ ತೋರಿಸಿದ ರಾಬರ್ಟ್ ಕಾಖ್ ಬಳಸಿದ್ದು ಝೈಸ್ ಮೈಕ್ರೋಸ್ಕೋಪ್, ಇದೇ ಎಣ್ಣೆಯ ಲೆನ್ಸ್.

ಮಧ್ಯಾಹ್ನ ಊಟಕ್ಕೆ ಗ್ಯೋಥೆ ಗ್ಯಾಲರಿ ಮಾಲ್‌ಗೆ ಹೋದೆ. ಅದಿರೋದು ಝೈಸ್‌ನ ಹಳೇ ಕಾರ್ಖಾನೆಯ ಜಾಗದಲ್ಲಿ. ಯುದ್ಧ ಮುಗಿದಾಗ ಅಮೆರಿಕನ್ನರು ಇಲ್ಲಿನ ಪರಿಣತರನ್ನು ಪಶ್ಚಿಮಕ್ಕೆ ಸಾಗಿಸಿದರು, ಆಮೇಲೆ ಬಂದ ಸೋವಿಯತ್‌ನವರು ಯಂತ್ರಗಳನ್ನು ಬಿಚ್ಚಿಕೊಂಡು ಹೋದರು. ಈಗ ಅಲ್ಲಿ ಪಿಜ್ಜಾ, ಚಪ್ಪಲಿ ಅಂಗಡಿ.

ಮಾಲ್ ದಾಟಿದರೆ ಎಂಟು ಮೂಲೆಯ ಒಂದು ಪುಟ್ಟ ಕಲ್ಲಿನ ಗುಡಿ. ಗುಡಿ ಅಂತಲೇ ಕರೀಬೇಕು, ಒಳಗೆ ಅಬ್ಬೆಯ ಮೂರ್ತಿ ಇದೆ. ಇವನ ಅಪ್ಪ ನೂಲಿನ ಗಿರಣಿಯ ಕೆಲಸಗಾರ. ದಿನಕ್ಕೆ ಹದಿನಾಲ್ಕು, ಹದಿನಾರು ಗಂಟೆ ದುಡಿತ. ಮಗ ಬುತ್ತಿ ತಂದುಕೊಟ್ಟರೆ ಅಪ್ಪ ಯಂತ್ರಕ್ಕೆ ಒರಗಿ ನಿಂತೇ ತಿಂದು ಪಾತ್ರೆ ವಾಪಸ್ ಕೊಡುತ್ತಿದ್ದ. ಆ ಮಗ ಮುಂದೆ ಕಂಪನಿಯ ಒಡೆಯನಾದ. 1889ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದ, ಅದಕ್ಕೆ ತನ್ನದಲ್ಲ, ಝೈಸ್‌ನ ಹೆಸರಿಟ್ಟ. ತನ್ನ ಪಾಲನ್ನೂ ಅದಕ್ಕೇ ಬರೆದುಕೊಟ್ಟ. ಮೇಲಿನವರ ಸಂಬಳ ಸರಾಸರಿ ಕೆಲಸಗಾರನ ಹತ್ತು ಪಟ್ಟು ಮೀರಬಾರದು ಎಂದು ನಿಯಮ ಮಾಡಿದ. 1900ರಲ್ಲಿ ಎಂಟು ಗಂಟೆಯ ಕೆಲಸ ಜಾರಿಗೆ ತಂದು, ಉತ್ಪಾದನೆ ಇಳಿದಿಲ್ಲ ಎಂಬುದನ್ನೂ ಲೆಕ್ಕ ಹಾಕಿ ತೋರಿಸಿದ. ವಾರಕ್ಕೆ ಎಷ್ಟು ಗಂಟೆ ದುಡಿದರೆ ದೇಶ ಉದ್ಧಾರವಾಗುತ್ತೆ ಅಂತ ಚರ್ಚೆ ನಡೆಸೋ ಊರಿನಿಂದ ಬಂದ ನಾನು ಆ ಮೂರ್ತಿಗೆ ಮನಸ್ಸಲ್ಲೇ ಕೈ ಮುಗಿದೆ.

ಇನ್ನೊಂದು ಸಣ್ಣ ವಿಷಯ. ಗಾಜಿನ ಗುಣ ಅಳೆಯಲಿಕ್ಕೆ ಅಬ್ಬೆ ಒಂದು ಉಪಕರಣ ಮಾಡಿಕೊಂಡಿದ್ದ: ರಿಫ್ರಾಕ್ಟೋಮೀಟರ್. ಬೆಳಕು ಎಷ್ಟು ಬಾಗುತ್ತೆ ಅಂತ ನೋಡಿ ಒಳಗಿರೋದೇನು ಎಂದು ಹೇಳುವ ಸಾಧನ. ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟು ಎಂದು ಮಂಡ್ಯದ ಕಡೆ ಎರಡು ಹನಿ ಬಿಟ್ಟು ‘ಬ್ರಿಕ್ಸ್’ ನೋಡ್ತಾರಲ್ಲ, ಅದರ ಮೂಲ ಇದೇ. ಚಿನ್ನದ ತೆಳು ಪದರದ ಮೇಲೆ ಪ್ರೋಟೀನ್ ಬಂದು ಅಂಟಿತೋ ಇಲ್ಲವೋ ಎಂದು ಪತ್ತೆ ಮಾಡುವ ಇವತ್ತಿನ ಸೆನ್ಸರುಗಳೂ ನೋಡೋದು ಬೆಳಕಿನ ಇಂಥದೇ ವ್ಯತ್ಯಾಸವನ್ನು.

ಭಾನುವಾರ ಬೆಳಿಗ್ಗೆ ಬಾಯ್ಟನ್‌ಬರ್ಗ್ ಗುಡ್ಡ ಹತ್ತಿದೆ. ಊರಿನ ಅಂಚಿನಲ್ಲಿ ಸಂಶೋಧನಾ ಸಂಸ್ಥೆಗಳದೇ ಒಂದು ಬಡಾವಣೆ. ಅಲ್ಲಿ ಪಿಎಚ್‌ಡಿ ಮಾಡ್ತಿರೋ ದಾವಣಗೆರೆಯ ಹುಡುಗಿಯೊಬ್ಬಳ ಪರಿಚಯ ಸ್ನೇಹಿತರ ಮೂಲಕ ಆಗಿತ್ತು. ರಜಾ ದಿನ, ಲ್ಯಾಬಿನೊಳಗೆ ಬಿಡೋಹಾಗಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡೀತಾ ಲ್ಯಾಪ್‌ಟಾಪ್ ತೆರೆದು ತೋರಿಸಿದಳು.

‘ನೋಡ್ರಿ, ನಾವು ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಂಗಿಲ್ಲ. ಸುಮ್ನೆ ಲೇಸರ್ ಬಿಡ್ತೀವಿ. ಕೋಟಿಗೆ ಒಂದು ಬೆಳಕಿನ ಕಣ ಬಣ್ಣ ಬದಲಿಸ್ಕಂಡು ವಾಪಸ್ ಬರ್ತದೆ. ಅದನ್ನ ಹಿಡಿದ್ರೆ ಒಳಗ ಯಾವ ಅಣು ಅದಾವ ಅಂತ ಗೊತ್ತಾಗ್ತದ.’

ರಾಮನ್ ಪರಿಣಾಮ! 1928ರಲ್ಲಿ ಕಲ್ಕತ್ತೆಯಲ್ಲಿ, ಲೇಸರ್ ಹುಟ್ಟೋಕೆ ಮೂವತ್ತು ವರ್ಷಕ್ಕೂ ಮೊದಲು, ಪಾದರಸದ ದೀಪ ಇಟ್ಟುಕೊಂಡು ಕಂಡದ್ದು. ಬೆಂಗಳೂರಲ್ಲಿ ಮೇಖ್ರಿ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಪಕ್ಕದ ರಾಮನ್ ಸಂಸ್ಥೆಯ ಮರಗಳನ್ನು ನೋಡಿ, ಹಸಿರು ಬಿದ್ದ ಕೂಡಲೇ ಮರೆತು ಹೊರಡೋನು ನಾನು. ಅಬ್ಬೆಯ ಊರಿನಲ್ಲಿ ಅದೇ ಬೆಳಕಿನಿಂದ, ಯಾವ ಬ್ಯಾಕ್ಟೀರಿಯಾಕ್ಕೆ ಯಾವ ಆಂಟಿಬಯೋಟಿಕ್ ನಾಟುತ್ತೆ ಅನ್ನೋದನ್ನು ದಿನಗಳ ಬದಲು ಕೆಲವೇ ಗಂಟೆಗಳಲ್ಲಿ ಹೇಳೋಕೆ ಪ್ರಯತ್ನ ನಡೆದಿದೆ.

ಹೋದ ವರ್ಷ ಅಪ್ಪನಿಗೆ ಮೂತ್ರದ ಸೋಂಕಾಗಿ ಜ್ವರ ಏರಿತ್ತು. ಕಲ್ಚರ್ ರಿಪೋರ್ಟ್ ಬರೋಕೆ ಮೂರು ದಿನ. ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆಯಲೇಬೇಕಲ್ಲ, ಯಾರನ್ನೂ ದೂರೋ ಹಾಗಿಲ್ಲ. ಮೊದಲು ಕೊಟ್ಟ ಔಷಧಿ ಅದಕ್ಕೆ ನಾಟೋದಿಲ್ಲ ಅನ್ನೋದು ಗೊತ್ತಾಗಿದ್ದು ಮೂರನೇ ದಿನ ಸಂಜೆ. ಆ ಮೂರು ರಾತ್ರಿ ಅಮ್ಮ ಮಲಗಿರಲಿಲ್ಲ.

‘ಆಸ್ಪತ್ರೆಗೆ ಯಾವಾಗ ಬರುತ್ತೆ ಇದು?’ ಎಂದೆ.

‘ಲ್ಯಾಬಿನ್ಯಾಗ ಬಂದದ್ದು ವಾರ್ಡಿನ್ಯಾಗ ಬರಬೇಕಲ್ರಿ’ ಅಂದಳು. ‘ರೋಗಿ ಸ್ಯಾಂಪಲ್ ಸ್ವಚ್ಛ ಇರಂಗಿಲ್ಲ. ಮಾಡೆಲ್ ಹೇಳಿದ್ದು ಖರೆ ಅನ್ನೋದಕ್ಕ ಕಲ್ಚರ್ ರಿಪೋರ್ಟ್ ಜೊತಿ ಕೂಡಿಸಿ ನೋಡ್ತೀವಿ, ಒಂದೊಂದಾಗಿ.’

ನನ್ನ ಆಫೀಸಿನ ಪ್ರಶ್ನೆಯನ್ನೂ ಅವಳ ಮುಂದಿಟ್ಟೆ. ಅಬ್ಬೆಯ ಮಿತಿಯನ್ನು ದಾಟಿದವರಿದ್ದಾರಲ್ಲ, 2014ರ ನೊಬೆಲ್ ಅದಕ್ಕೇ ಬಂತಲ್ಲ ಎಂದೂ ಕೇಳಿದೆ. ಅವಳು ನಕ್ಕಳು. ಸ್ಟೆಫಾನ್ ಹೆಲ್ ಮತ್ತಿತರರು ಮಿತಿ ದಾಟಿದ್ದು ಮಸುಕು ಚಿತ್ರವನ್ನು ತಿದ್ದಿ ಅಲ್ಲ. ಹೊಳೆಯುವ ಅಣುಗಳನ್ನು ಬೇಕಾದಾಗ ಆರಿಸಿ, ಬೇಕಾದಾಗ ಹೊತ್ತಿಸಿ, ಒಂದು ಸಲಕ್ಕೆ ಕೆಲವನ್ನು ಮಾತ್ರ ನೋಡಿ. ಕೋಶದಿಂದಲೇ ಹೊಸ ಮಾಹಿತಿ ತಂದರು. ‘ನಿಮ್ಮ ಮಷೀನು ಅದನ್ನ ಮಾಡ್ತದೇನು? ಇಲ್ಲಂದ್ರ ಎಣ್ಣಿ ಹಾಕ್ರಿ.’

ವಾಪಸ್ ಬರುವಾಗ ರೈಲಿನಲ್ಲೇ ಟಿಪ್ಪಣಿ ಬರೆದೆ. ಕೋಶ ಎಣಿಸೋಕೆ ನಲವತ್ತರ ಲೆನ್ಸ್ ಇರಲಿ, ಮಲೇರಿಯಾಕ್ಕೆ ನೂರರ ಎಣ್ಣೆಯ ಲೆನ್ಸ್ ತೆಗೆಯುವಂತಿಲ್ಲ. ತೆಗೆಯೋದೇ ಆದರೆ ಯಂತ್ರದ ಮೇಲೆ ‘ಮಲೇರಿಯಾಕ್ಕಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆಯಬೇಕು. ಬೆಲೆ ಏರುತ್ತೆ, ಗೊತ್ತು. ಮ್ಯಾನೇಜರ್ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು, ಕೊನೆಗೆ ಎರಡೂ ಲೆನ್ಸಿನಲ್ಲಿ ಇನ್ನೂರು ಸ್ಲೈಡ್ ನೋಡಿ ತೀರ್ಮಾನಿಸೋಣ ಅಂದರು. ಮುಂದಿನ ತಿಂಗಳು ಆ ಕೆಲಸ. ಖರೀದಿ ಪಟ್ಟಿಯಲ್ಲಿ ಎಣ್ಣೆಯ ಸೀಸೆಯ ಕೆಳಗೆ ಲೆನ್ಸ್ ಒರೆಸೋ ಕಾಗದ, ಹತ್ತು ಪ್ಯಾಕ್, ಸೇರಿಸಿದ್ದೀನಿ.