ಚಂದ್ರದ್ರೋಣ ಗಿರಿಶ್ರೇಣಿಯ ಕಾಲುದಾರಿಗಳು

ಚಿಕ್ಕಮಗಳೂರು ಪಟ್ಟಣಕ್ಕೆ ಬಂದಿಳಿದವರ ಕಣ್ಣಿಗೆ ಮೊದಲು ಬೀಳುವುದು ಊರಿನ ಬೆನ್ನಿಗೆ ಕೋಟೆಗೋಡೆಯಂತೆ ನಿಂತ ಗಿರಿಸಾಲು. ಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಅದರ ನೆತ್ತಿಯ ಮೇಲೆ ಇನ್ನೂ ನೂರಾರು ಮೀಟರ್ ಎತ್ತರಕ್ಕೆ ಎದ್ದು ನಿಂತಿವೆ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿಗಳು. ಕುದುರೆಯ ಲಾಳದಂತೆ ಬಾಗಿರುವ ಈ ಸಾಲಿಗೆ ಚಂದ್ರದ್ರೋಣ ಪರ್ವತವೆಂದು ಹೆಸರು. ಸಖರಾಯಪಟ್ಟಣದ ಅರಸನಾದ ರುಕ್ಮಾಂಗದನು ತನ್ನ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯವಳಿಗೆ ಕೊಟ್ಟದ್ದು ಹಿರೇಮಗಳೂರು ಎಂಬುದು ಜನಜನಿತವಾದ ಕಥೆ. ಬಳುವಳಿಯಲ್ಲಿ ಗಿರಿಗಳೂ ಸೇರಿದ್ದರೆ ಕಿರಿಯ ಮಗಳ ಭಾಗ್ಯವೇ ಭಾಗ್ಯ!

ಮಳೆಗಾಲ ಕಳೆದು ಹುಲ್ಲು ಇನ್ನೂ ಹಸಿರಾಗಿದ್ದ ದಿನಗಳಲ್ಲಿ ನಾವು ಒಂದೇ ಮನೆತನದ ಹನ್ನೊಂದು ಮಂದಿ ಇಲ್ಲಿ ನಾಲ್ಕು ದಿನ ತಂಗಿದ್ದೆವು. ಎಪ್ಪತ್ತಾರು ವರ್ಷದ ದೊಡ್ಡಮ್ಮನಿಂದ ಹಿಡಿದು ಎಂಟು ವರ್ಷದ ಮಗುವಿನವರೆಗೆ ಎಲ್ಲ ವಯಸ್ಸಿನವರೂ ನಮ್ಮಲ್ಲಿದ್ದರು. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ರಕ್ತದೊತ್ತಡ, ಕಾಲೇಜು ಓದುವ ಹುಡುಗರಿಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲದಷ್ಟು ಉತ್ಸಾಹ. ಇಂತಹ ಸಂಸಾರವೊಂದು ಬೆಟ್ಟದ ಊರಿಗೆ ಹೋದಾಗ ಏಳುವ ಮೊದಲ ಪ್ರಶ್ನೆ ಒಂದೇ: ಯಾರು ಯಾವ ದಾರಿಯಲ್ಲಿ ನಡೆಯಬೇಕು? ನಾಲ್ಕು ದಿನಗಳಲ್ಲಿ ನಾವು ಕಂಡುಕೊಂಡ ಉತ್ತರವನ್ನು ನಮ್ಮಂತೆಯೇ ಮಕ್ಕಳು ಮರಿಗಳೊಡನೆ, ಹಿರಿಯರೊಡನೆ ಹೊರಡುವ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಎತ್ತರದ ಗಿರಿ, ಹತ್ತಿರದ ದಾರಿ

ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರ. ಅದರ ಎತ್ತರ 1,930 ಮೀಟರ್. ಎತ್ತರದ ಅಂಕಿಯನ್ನು ಕೇಳಿದವರು ಇದು ಬಲಶಾಲಿಗಳ ಪಾಲಿನದೆಂದು ಭಾವಿಸುವುದು ಸಹಜ. ವಾಸ್ತವವು ಬೇರೆ. ಕೈಮರದಿಂದ ಮೇಲೇರುವ ರಸ್ತೆಯು ಸೀತಾಳಯ್ಯನಗಿರಿಯನ್ನು ಹಾದು ಶಿಖರದ ಬುಡದವರೆಗೂ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಕೆಲವು ನೂರು ಮೆಟ್ಟಿಲುಗಳು ಮಾತ್ರ. ನಿಂತು ನಿಂತು, ಉಸಿರು ಸುಧಾರಿಸಿಕೊಂಡು ಹತ್ತಿದರೆ ವಯಸ್ಸಾದವರಿಗೂ ಅಸಾಧ್ಯವೇನಲ್ಲ. ಹೃದಯದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಹೊರಡುವುದು ಮೇಲು.

ಶಿಖರದ ಮೇಲೆ ಮುಳ್ಳಪ್ಪಸ್ವಾಮಿಯ ಗದ್ದುಗೆಯಿದೆ. ಆ ಸಿದ್ಧಪುರುಷನಿಂದಲೇ ಗಿರಿಗೆ ಈ ಹೆಸರು. ನಮ್ಮ ದೊಡ್ಡಮ್ಮನವರು ಬೆಳಗಿನ ಎಳೆಬಿಸಿಲಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದರು. ಇಪ್ಪತ್ತು ಮೆಟ್ಟಿಲಿಗೊಮ್ಮೆ ಕುಳಿತರು. ಮಗು ಅವರ ಸೆರಗು ಹಿಡಿದು, "ಅಜ್ಜೀ, ಇನ್ನೆಷ್ಟು?" ಎಂದು ಕೇಳುತ್ತಲೇ ಇತ್ತು. "ಎಣಿಸಬೇಡ ಮಗಾ, ಎಣಿಸಿದರೆ ಕಾಲು ಸೋಲುತ್ತವೆ" ಎಂದರು ದೊಡ್ಡಮ್ಮ. ಮುಕ್ಕಾಲು ಗಂಟೆಯಲ್ಲಿ ಇಬ್ಬರೂ ಗದ್ದುಗೆಯ ಮುಂದೆ ನಿಂತಿದ್ದರು. ಸುತ್ತಲೂ ಅಲೆ ಅಲೆಯಾಗಿ ಹರಡಿದ ಹುಲ್ಲುಬೆಟ್ಟಗಳು, ಮಡಿಕೆಗಳಲ್ಲಿ ಕಪ್ಪಗೆ ಕುಳಿತ ಕಾಡಿನ ತುಂಡುಗಳು. ನೋಡಲು ಎರಡು ಕಣ್ಣು ಸಾಲವು ಎಂಬ ಮಾತು ಅಲ್ಲಿ ಅತಿಶಯೋಕ್ತಿಯೆನಿಸಲಿಲ್ಲ.

ಇದಕ್ಕಿಂತಲೂ ಸುಲಭವಾದ ನಡಿಗೆ ಬೇಕೆನ್ನುವವರಿಗೆ ಬಾಬಾಬುಡನ್‌ಗಿರಿಯ ಆಸುಪಾಸಿದೆ. ಇದರ ಎತ್ತರ 1,895 ಮೀಟರ್. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಗುರು ದತ್ತಾತ್ರೇಯರ ಹೆಸರೂ ಬಾಬಾಬುಡನ್ನರ ಹೆಸರೂ ಕೂಡಿಕೊಂಡಿರುವ ಗವಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಗಾಳಿಕೆರೆಯ ಸುತ್ತಿನ ಹುಲ್ಲುಗಾವಲಿನಲ್ಲಿ ಮಕ್ಕಳನ್ನು ನಡೆಸಬಹುದು. ಮಾಣಿಕ್ಯಧಾರೆಯ ಜಲಪಾತಕ್ಕೆ ಮೆಟ್ಟಿಲು ಇಳಿದು ಹೋಗಬಹುದು. ಇಳಿಯುವಾಗ ಹಗುರವೆನಿಸುವ ಮೆಟ್ಟಿಲುಗಳು ಮರಳುವಾಗ ಮೊಣಕಾಲನ್ನು ಪರೀಕ್ಷಿಸುತ್ತವೆ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ನಡುತರದ ದಾರಿಗಳು

ಎರಡನೆಯ ತರಗತಿಯ ನಡಿಗೆಗೆ ಕೆಮ್ಮಣ್ಣುಗುಂಡಿಯೇ ಸರಿ. ಹೆಸರೇ ಹೇಳುವಂತೆ ಇಲ್ಲಿನ ಮಣ್ಣು ಕೆಂಪು. ಒಂದು ಕಾಲಕ್ಕೆ ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ಇಲ್ಲಿಂದಲೇ ಅದಿರು ಹೋಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯ ತಂಗುದಾಣವಾಗಿ ಇದನ್ನು ಆರಿಸಿಕೊಂಡಿದ್ದರು. ಈಗ ತೋಟಗಾರಿಕೆ ಇಲಾಖೆಯ ಉಸ್ತುವಾರಿಯಲ್ಲಿದೆ. ಸುಮಾರು 1,434 ಮೀಟರ್ ಎತ್ತರದ ಈ ಗಿರಿಧಾಮದಿಂದ ಝಡ್ ಪಾಯಿಂಟ್ ಎಂಬ ಕೋಡಿಗೆ ಸುಮಾರು ಮೂರು ಕಿಲೋಮೀಟರಿನ ಕಾಲುದಾರಿಯಿದೆ. ದಾರಿಯು ಬೆಟ್ಟದ ಪಕ್ಕೆಯನ್ನು ತಬ್ಬಿಕೊಂಡು ಸಾಗುತ್ತದೆ. ಒಂದು ಕಡೆ ಗೋಡೆಯಂತಹ ಇಳಿಜಾರು, ಇನ್ನೊಂದು ಕಡೆ ಆಳವಾದ ಕಣಿವೆ. ಏರು ಹೆಚ್ಚಿಲ್ಲ. ಆದರೆ ದಾರಿ ಕಿರಿದು, ಕೊನೆಯ ಭಾಗ ಕಡಿದು. ತಲೆ ತಿರುಗುವವರೂ ಚಂಚಲರಾದ ಚಿಕ್ಕ ಮಕ್ಕಳೂ ಶಾಂತಿ ಜಲಪಾತದವರೆಗೆ ಹೋಗಿ ಹಿಂದಿರುಗಿದರೆ ಸಾಕು. ನಮ್ಮಲ್ಲಿ ಐವರು ಕೊನೆಯವರೆಗೆ ಹೋದರು, ಉಳಿದವರು ಜಲಪಾತದ ಬಳಿ ಅವರಿಗಾಗಿ ಕಾದರು. ಮಂಡಕ್ಕಿಯ ಪೊಟ್ಟಣ ಇದ್ದದ್ದು ಕಾದವರ ಬಳಿಯೇ ಆದ್ದರಿಂದ ಯಾರಿಗೂ ಬೇಸರವಾಗಲಿಲ್ಲ!

ಹೆಬ್ಬೆ ಜಲಪಾತದ್ದು ಬೇರೆ ಬಗೆ. 168 ಮೀಟರ್ ಎತ್ತರದಿಂದ ಎರಡು ಹಂತಗಳಲ್ಲಿ ಧುಮುಕುವ ಈ ಜಲಪಾತಕ್ಕೆ ಕಾಫಿ ತೋಟಗಳ ನಡುವೆ ಜೀಪಿನಲ್ಲಿ ಸಾಗಿ, ಬಳಿಕ ಹಳ್ಳ ದಾಟುತ್ತ ಕಾಡಿನೊಳಗೆ ನಡೆಯಬೇಕು. ಇಲ್ಲಿ ಕಷ್ಟ ಕೊಡುವುದು ಏರಲ್ಲ, ಜಾರುವ ಕಲ್ಲು ಮತ್ತು ಇಂಬಳ. ಮಳೆಯ ತಿಂಗಳುಗಳಲ್ಲಿ ಇಂಬಳಗಳು ಕಾಲಿಗೆ ಹತ್ತಿದ್ದು ತಿಳಿಯುವುದೇ ಇಲ್ಲ. ಸ್ಥಳೀಯರು ಉಪ್ಪಿನ ಗಂಟನ್ನೋ ಸುಣ್ಣವನ್ನೋ ಜೊತೆಗಿಟ್ಟುಕೊಳ್ಳುತ್ತಾರೆ. ನಡೆಯಲಾರದ ಹಿರಿಯರು ಅಂದು ಕಲ್ಲತ್ತಿಗಿರಿಗೆ ಹೋಗಬಹುದು. ಬಂಡೆಯ ಮೇಲಿಂದ ಇಳಿಯುವ ನೀರಿನ ಮಗ್ಗುಲಲ್ಲೇ ವಿಜಯನಗರದ ಕಾಲದ ವೀರಭದ್ರ ದೇವಾಲಯವಿದೆ. ಬಹಳ ನಡೆಯದೆಯೇ ದೇವರ ದರ್ಶನವೂ ಜಲಪಾತದ ದರ್ಶನವೂ ಒಟ್ಟಿಗೆ ಆಗುತ್ತವೆ.

ಕಠಿಣ ದಾರಿಗಳು

ಮತ್ತೆ ಮುಳ್ಳಯ್ಯನಗಿರಿಗೇ ಬರೋಣ. ದೊಡ್ಡಮ್ಮ ಮೆಟ್ಟಿಲಿನಿಂದ ಏರಿದ ಅದೇ ಶಿಖರಕ್ಕೆ ಸರ್ಪದಾರಿ ಎಂಬ ಇನ್ನೊಂದು ಹಾದಿಯುಂಟು. ಹುಲ್ಲಿನ ನಡುವೆ ಹಾವಿನಂತೆ ಹೊರಳುತ್ತ ಮೇಲೇರುವ ಮೂರು ನಾಲ್ಕು ಕಿಲೋಮೀಟರಿನ ಈ ಕಾಲುದಾರಿಗೆ ಗಟ್ಟಿಮುಟ್ಟಾದವರಿಗೂ ಸುಮಾರು ಎರಡು ಗಂಟೆ ಬೇಕು. ಮರದ ನೆರಳಿಲ್ಲ, ದಾರಿಯಲ್ಲಿ ಕುಡಿಯುವ ನೀರಿಲ್ಲ. ಬಿಸಿಲಿದ್ದರೆ ಬಿಸಿಲು, ಗಾಳಿಯೆದ್ದರೆ ನಿಲ್ಲಗೊಡದ ಗಾಳಿ.

ನಮ್ಮ ಯುವಕರು ಅದೇ ದಿನ ಮಧ್ಯಾಹ್ನ ಬುಡದ ಹಳ್ಳಿಯವರೊಬ್ಬರನ್ನು ಕರೆದುಕೊಂಡು ಈ ದಾರಿ ಹಿಡಿದರು. ಅರ್ಧ ಏರುವಷ್ಟರಲ್ಲಿ ಪಶ್ಚಿಮದ ಕಣಿವೆಯಿಂದ ಮೋಡವೆದ್ದು ಬಂದಿತು. ಹತ್ತು ಮಾರು ಮುಂದಿನವರು ಕಾಣದಂತಾದರು. ಇನ್ನು ಸ್ವಲ್ಪವೇ ಇದೆ, ಹೋಗಿಬಿಡೋಣ ಎಂಬುದು ಹುಡುಗರ ವಾದ. ಜೊತೆಗಿದ್ದವರು ತಲೆಯಾಡಿಸಿದರು. "ಈ ಹೊತ್ತಲ್ಲಿ ಕೂತ ಮೋಡ ಇವತ್ತು ಏಳಲ್ಲ ಸ್ವಾಮಿ. ಹತ್ತೋದು ಹತ್ತಬಹುದು, ಇಳಿಯೋವಾಗ ದಾರಿ ಯಾವ್ದು ಇಳಿಜಾರು ಯಾವ್ದು ಅಂತ ನಮಗೇ ಗೊತ್ತಾಗಲ್ಲ. ಇಳೀರಿ" ಎಂದರು. ಹುಡುಗರು ಮರುಮಾತಾಡದೆ ಇಳಿದರು. ಸಂಜೆ ವಸತಿಗೆ ಬಂದಾಗ ಅವರ ಮುಖ ಬಾಡಿತ್ತು. ದೊಡ್ಡಮ್ಮನವರು ಮಾತ್ರ, "ನನಗಿಂತ ಗಿರಿ ನಿಮಗೆ ಎತ್ತರವಾಯಿತೇನ್ರೋ?" ಎಂದು ನಕ್ಕು, ಕೈಗೆ ಬಿಸಿ ಕಾಫಿ ಕೊಟ್ಟರು. ಎಲ್ಲರೂ ನಕ್ಕರು. ಆದರೆ ಆ ನಗೆಮಾತಿನಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿತ್ತು. ಗಿರಿಯ ಕಷ್ಟವನ್ನು ಅಳೆಯುವುದು ಅದರ ಎತ್ತರದಿಂದಲ್ಲ, ಹಿಡಿದ ದಾರಿಯಿಂದ, ಅಂದಿನ ಹವೆಯಿಂದ, ನಡೆಯುವವರ ಕಾಲಿನಿಂದ. ನಾಡಿನ ಅತಿ ಎತ್ತರದ ಶಿಖರವನ್ನು ಎಪ್ಪತ್ತಾರರ ವೃದ್ಧೆ ಮುಟ್ಟಿ ಬಂದ ದಿನವೇ ಇಪ್ಪತ್ತರ ಹುಡುಗರು ಅರ್ಧದಿಂದ ಮರಳಿದರು. ಇಬ್ಬರು ಮಾಡಿದ್ದೂ ಸರಿಯೇ.

ಈ ಮಾತಿಗೆ ಇನ್ನೊಂದು ನಿದರ್ಶನ ಬಿಂಡಿಗದ ದೇವೀರಮ್ಮನ ಬೆಟ್ಟ. ಮುಳ್ಳಯ್ಯನಗಿರಿಗಿಂತ ಕುಳ್ಳಾದ ಈ ಬೆಟ್ಟವನ್ನು ಜನರು ದೀಪಾವಳಿಯ ನರಕ ಚತುರ್ದಶಿಯ ಸಮಯದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಏರುತ್ತಾರೆ, ಅನೇಕರು ಬರಿಗಾಲಿನಲ್ಲಿ, ರಾತ್ರಿಯಿಂದಲೇ. ಮೆಟ್ಟಿಲುಗಳಿಲ್ಲದ ಕಡಿದಾದ ಮಣ್ಣಿನ ಏರು ಅದು. ನಮ್ಮಲ್ಲಿಬ್ಬರು ಹಿಂದೊಮ್ಮೆ ಹತ್ತಿದ್ದರು. ಭಕ್ತಿಯು ಕಾಲಿಗೆ ಬಲ ಕೊಡುವುದು ನಿಜ, ಆದರೆ ಒದ್ದೆ ಮಣ್ಣು ಭಕ್ತರೆಂದು ಯಾರಿಗೂ ರಿಯಾಯಿತಿ ತೋರುವುದಿಲ್ಲ ಎಂಬುದು ಅವರ ಅನುಭವ. 2024ರ ದೀಪಾವಳಿಯಲ್ಲಿ ಮಳೆ ಬಂದು ದಾರಿ ಜಾರಿದ್ದರಿಂದ ಹಲವರು ಗಾಯಗೊಂಡರು. ಹರಕೆ ಹೊತ್ತ ಹಿರಿಯರು ಮಳೆಯ ದಿನ ಕೆಳಗಿನಿಂದಲೇ ಕೈಮುಗಿದರೆ ತಾಯಿ ಮುನಿಯಲಾರಳು.

ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿಯವರೆಗೆ ಗಿರಿಯ ಏಣಿನ ಮೇಲೆಯೇ ಸಾಗುವ ಇಡೀ ದಿನದ ನಡಿಗೆಯೂ ಉಂಟು. ಅದು ಅಭ್ಯಾಸವಿದ್ದವರಿಗೆ ಮಾತ್ರ. ದಾರಿ ಬಲ್ಲವರ ನೆರವೂ ಅರಣ್ಯ ಇಲಾಖೆಯ ಅನುಮತಿಯೂ ಇಲ್ಲದೆ ಹೊರಡಲಾಗದು.

ಕಾಲಿನಡಿಯ ಹುಲ್ಲು

ಯಾವ ದಾರಿಯನ್ನೇ ಹಿಡಿಯಲಿ, ದಾರಿಯನ್ನು ಬಿಟ್ಟು ಹುಲ್ಲಿಗೆ ಇಳಿಯಬಾರದು. ಇದು ಕೇವಲ ಜಾರಿ ಬೀಳುವ ಭಯದಿಂದ ಹೇಳುವ ಮಾತಲ್ಲ. ಈ ಹುಲ್ಲುಬೆಟ್ಟಗಳೂ ಅವುಗಳ ಮಡಿಕೆಯಲ್ಲಿರುವ ಶೋಲಾ ಕಾಡುಗಳೂ ಮಳೆಯ ನೀರನ್ನು ಹೀರಿ ಹಿಡಿದಿಟ್ಟುಕೊಂಡು, ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಹಳ್ಳಗಳಿಗೆ ಬಿಡುತ್ತವೆ. ಇಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಹೊಳೆಗಳು ಕೂಡಿ ವೇದಾವತಿಯಾಗಿ ಬಯಲುಸೀಮೆಗೆ ಹರಿಯುತ್ತವೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ತುಂಬುವುದು ಈ ಗಿರಿಗಳ ನೀರಿನಿಂದ. ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಇದೇ ವೇದಾವತಿಯ ಜಲಾಶಯ. 1933ರಲ್ಲಿ ಕೋಡಿ ಬಿದ್ದಿದ್ದ ಅದು ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಆ ನೀರಿನಲ್ಲಿ ಭದ್ರೆಯಿಂದ ಹರಿಸಿದ ಪಾಲೂ ಇತ್ತು. ಈ ಗಿರಿಗಳ ಪಶ್ಚಿಮದ ಮಗ್ಗುಲಿನ ಹಳ್ಳಗಳು ಸೇರುವುದೂ ಭದ್ರೆಯನ್ನೇ. ಬಯಲುಸೀಮೆಯಿಂದ ಬರುವ ನಮ್ಮಂಥವರು ಇಲ್ಲಿ ತುಳಿಯುವ ಹುಲ್ಲು ನಮ್ಮದೇ ಊರಿನ ಕೊಡದ ನೀರು ಎಂದು ತಿಳಿದರೆ ಹೆಜ್ಜೆ ತಾನಾಗಿ ಹಗುರವಾಗುತ್ತದೆ.

2022ರ ಮಳೆಗಾಲದ ಕೊನೆಯಲ್ಲಿ ಈ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಅದು. ಬೀಜ ಮಣ್ಣು ಸೇರುವ ಮೊದಲೇ ಹೂವನ್ನು ಕಿತ್ತರೆ ಮುಂದಿನ ಪೀಳಿಗೆಗೆ ಗಿಡವೇ ಇಲ್ಲವಾಗುತ್ತದೆ.

ಹೊರಡುವವರಿಗೆ ನಾಲ್ಕು ಮಾತು

ರೈಲಿನಲ್ಲಿ ಬರುವವರು ಕಡೂರಿನಲ್ಲಿ ಇಳಿದರೆ ಅಲ್ಲಿಂದ ಪಟ್ಟಣಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ನಡಿಗೆಗೆ ಹದವಾದ ಕಾಲ. ವಾಹನಗಳ ದಟ್ಟಣೆಯಿಂದಾಗಿ ಜಿಲ್ಲಾಡಳಿತವು 2025ರ ಸೆಪ್ಟೆಂಬರಿನಲ್ಲಿ ಗಿರಿಗೆ ಹೋಗುವ ವಾಹನಗಳಿಗೆ ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ರಸ್ತೆಯನ್ನೇ ಮುಚ್ಚುವುದೂ ಉಂಟು. ಆದ್ದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಲೇಸು. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಇಳಿಯಬೇಕು. ತಲೆಗೊಂದಕ್ಕೆ ಎರಡು ಲೀಟರ್ ನೀರು, ಬೆಲ್ಲ ಮತ್ತು ಕಡಲೆ, ಒಂದು ಬೆಚ್ಚನೆಯ ಅಂಗಿ, ಹಿಡಿತವಿರುವ ಪಾದರಕ್ಷೆ ಇವು ಸಾಕು. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರಲೇಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ದಾರಿಯನ್ನು ಆರಿಸುವಾಗ ತಂಡದಲ್ಲಿ ಬಲಶಾಲಿ ಯಾರೆಂದು ನೋಡದೆ, ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಯಾರೆಂದು ನೋಡಬೇಕು. ಅವರನ್ನು ಮುಂದೆ ಬಿಟ್ಟು ಉಳಿದವರು ಹಿಂದೆ ನಡೆದರೆ ಯಾರೂ ಒಂಟಿಯಾಗುವುದಿಲ್ಲ, ಯಾರೂ ದಾರಿ ತಪ್ಪುವುದಿಲ್ಲ. ಗಿರಿಯನ್ನು ಗೆದ್ದೆವೆಂದು ಹೇಳಿಕೊಳ್ಳುವುದರಲ್ಲಿ ಹಿರಿಮೆಯಿಲ್ಲ. ಹೋದ ಹನ್ನೊಂದು ಮಂದಿಯೂ ನಗುನಗುತ್ತ ಮನೆಗೆ ಮರಳುವುದೇ ಯಾತ್ರೆಯ ಸಾರ್ಥಕತೆ.