ಮೂರನೆಯ ಮಲ್ಲ

“ಜಲ್ಮದಾಗ ಒಂದ್ ದಿನಾನೂ ಮಟ್ಟಿಗೆ ಇಳದವರಲ್ಲ, ನಿಮಗ್ಯಾಕ್ರಿ ಬೇಕು ಈ ಕುಸ್ತಿ ಉಸಾಬರಿ?” ಎಂಬುದು ನನ್ನ ಮನೆಯವರು ಐವತ್ತು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆ. ನನ್ನ ಶರೀರವನ್ನು ಕಂಡವರಾರೂ ನನ್ನನ್ನು ಪೈಲ್ವಾನನೆಂದು ಭ್ರಮಿಸಲಾರರು. ಬಾವಿಯಿಂದ ಎರಡು ಕೊಡ ನೀರು ಸೇದಿದರೆ ಮೂರನೆಯ ಕೊಡಕ್ಕೆ ರಜೆ ಬೇಡುವ ತೋಳುಗಳು ನನ್ನವು. ಆದರೂ ಜಾತ್ರೆಯ ಕಣದಿಂದ ಹಲಗೆಯ ಸದ್ದು ಕೇಳಿಸಿತೆಂದರೆ ಕಾಲುಗಳು ತಾವಾಗಿಯೇ ಅತ್ತ ತಿರುಗುತ್ತವೆ.

ಸಂಗೀತ ಕೇಳಲು ಹೋದವನನ್ನು “ನಿನಗೆ ಹಾಡಲು ಬರುತ್ತದೆಯೆ?” ಎಂದು ಯಾರೂ ಕೇಳುವುದಿಲ್ಲ. ಕುಸ್ತಿ ನೋಡುವವನಿಗೆ ಮಾತ್ರ ಈ ಪರೀಕ್ಷೆ. ಕಣದಲ್ಲಿ ಇಬ್ಬರು ಮಲ್ಲರಿರುತ್ತಾರೆ, ನಿಜ. ಆದರೆ ಅಂಚಿನಲ್ಲಿ ಕುಳಿತ ಮೂರನೆಯವನೊಬ್ಬ ಇಲ್ಲದಿದ್ದರೆ ಅದು ಇಬ್ಬರ ಜಗಳವಾದೀತೇ ಹೊರತು ಕುಸ್ತಿಯಾಗದು. ಆ ಮೂರನೆಯವನ ಪರವಾಗಿ ನಾಲ್ಕು ಮಾತು ಹೇಳಬೇಕೆಂಬುದೇ ನನ್ನ ಆಸೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಜಾತ್ರೆ ಉರುಸುಗಳು ಬಂದುವೆಂದರೆ ಜಂಗೀ ಕುಸ್ತಿಯ ಕರಪತ್ರಗಳೂ ಬಂದಂತೆಯೆ. “ಅಜ್ಜಾ, ಕುಸ್ತಿ ಹುಟ್ಟಿದ್ದು ಕುಷ್ಟಗ್ಯಾಗೇನು?” ಎಂದು ನನ್ನ ಮೊಮ್ಮಗ ಒಮ್ಮೆ ಕೇಳಿದ್ದ, ಕುಷ್ಟಗಿಯವರು ಬೇಡವೆನ್ನಲಾರರೆಂದು ನಾನು ನಕ್ಕು ಸುಮ್ಮನಾದೆ. ಅಗೆದು ಸಡಿಲಗೊಳಿಸಿದ ನೆಲದ ಮೇಲೆ ಕೆಮ್ಮಣ್ಣು ಹರವಿ, ಕಲ್ಲು ಬೇರುಗಳನ್ನು ಆಯ್ದು, ನೀರು ಚಿಮುಕಿಸಿ ಕಣವನ್ನು ಹದಗೊಳಿಸುತ್ತಾರೆ. ಹನುಮಂತದೇವರ ಪಟದ ಮುಂದೆ ಕಾಯಿ ಒಡೆದ ಮೇಲೆ ಹಲಗೆ ಮೊಳಗುತ್ತದೆ. ಮೊದಲು ಒಂದು ತೆಂಗಿನಕಾಯಿಗಾಗಿ ಸೆಣಸುವ ಹುಡುಗರು. ಬಳಿಕ ನಗದು ಬಹುಮಾನದ ತರುಣರು. ಹೊತ್ತು ಇಳಿದ ಮೇಲೆ ಬೆಳ್ಳಿಯ ಕಡಗದ ದೊಡ್ಡ ಜೋಡಿ. ಎತ್ತರವನ್ನೂ ಮೈಕಟ್ಟನ್ನೂ ನೋಡಿ ಜೋಡಿ ಹಚ್ಚುವ ಹಿರಿಯರ ಕಣ್ಣೇ ಅಲ್ಲಿಯ ತಕ್ಕಡಿ. ಎರಡೂ ಭುಜಗಳು ಮಣ್ಣಿಗೆ ತಾಗಿ, ಬಿದ್ದವನಿಗೆ ಆಕಾಶ ಕಾಣಿಸಿತೆಂದರೆ ಕುಸ್ತಿ ಮುಗಿಯಿತು. ಒಂದು ಕಡತ ಏಳು ವರ್ಷವಾದರೂ ತೀರ್ಮಾನವಾಗದೆ ಮೇಜಿನಿಂದ ಮೇಜಿಗೆ ಅಲೆಯುವುದನ್ನು ಕಂಡ ನನ್ನಂಥ ಕಾರಕೂನನಿಗೆ, ಮೇಲ್ಮನವಿಯೇ ಇಲ್ಲದ ಈ ನ್ಯಾಯ ಎಷ್ಟು ಹಿತವೆಂಬುದನ್ನು ವಾಚಕರು ಊಹಿಸಬಲ್ಲರು.

ಮೂರನೆಯವನ ವಂಶವೇನೂ ಸಾಮಾನ್ಯವಾದುದಲ್ಲ. ಕುಕನೂರಿಗೆ ಸಮೀಪದ ಇಟಗಿಯಲ್ಲಿ 1112 ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಆ ದಂಡನಾಯಕನ ಒಡೆಯನಾದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಮಗನೇ ಮೂರನೆಯ ಸೋಮೇಶ್ವರ. ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥವನ್ನು ರಚಿಸಿದ ಈ ದೊರೆ, ಅರಸರ ವಿನೋದಗಳನ್ನು ಹೇಳುವಾಗ ಮಲ್ಲವಿನೋದವನ್ನು ಮರೆಯಲಿಲ್ಲ. ಮಲ್ಲರಲ್ಲಿ ಎಷ್ಟು ದರ್ಜೆ, ಅವರ ಆಹಾರವೇನು, ಕಂಬದ ಮೇಲಿನ ಕಸರತ್ತು ಯಾವುದು ಎಂಬುದನ್ನೆಲ್ಲ ಬರೆದಿಟ್ಟಿದ್ದಾನೆ. ನಾಡನ್ನಾಳುವ ಅರಸನೂ ಕಣದ ಅಂಚಿನಲ್ಲಿ ಕುಳಿತು ಗಮನವಿಟ್ಟು ನೋಡಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸುಮಾರು ನಾಲ್ಕು ಶತಮಾನಗಳ ಅನಂತರ, ತುಂಗಭದ್ರೆಯ ಆಚೆ ದಡದ ವಿಜಯನಗರಕ್ಕೆ ಪೋರ್ತುಗೀಸರವನಾದ ಡೊಮಿಂಗೊ ಪಾಯಸ್ ಬಂದನು. 1520 ರ ಸುಮಾರಿಗೆ ಮಹಾನವಮಿಯ ಉತ್ಸವದಲ್ಲಿ ಅವನು ಕಂಡ ಮಲ್ಲಯುದ್ಧ ಅತ್ಯಂತ ಭೀಕರವಾದುದು. ಹಲ್ಲು ಮುರಿಯುತ್ತಿದ್ದುವು, ಕಣ್ಣು ಹೋಗುತ್ತಿದ್ದುವು. ಸಮಬಲರನ್ನು ಎದುರುಬದುರು ನಿಲ್ಲಿಸಲು ತೀರ್ಪುಗಾರರೂ ಇದ್ದರಂತೆ. 1535 ರ ಹೊತ್ತಿಗೆ ಬಂದ ನೂನಿಜ್ ಅರಸನ ಸಾವಿರ ಜಟ್ಟಿಗಳನ್ನೂ ಅವರ ಕೈಯಲ್ಲಿನ ಮೊನೆಯುಳ್ಳ ಬಳೆಗಳನ್ನೂ ಹೇಳುತ್ತಾನೆ. ನನಗೆ ಪ್ರಿಯನಾದವನು ಮಾತ್ರ ಪಾಯಸನೇ. ಏಕೆಂದರೆ ಗೆದ್ದವರಿಗೆ ಸಂದ ಗೌರವವನ್ನಷ್ಟೇ ಬರೆದು ಸುಮ್ಮನಾಗದೆ, ಸೋತು ಮಾತು ನಿಂತವರನ್ನು ಅವರ ಗೆಳೆಯರು ಹೊತ್ತು ಒಯ್ದುದನ್ನೂ ಅವನು ಬರೆದನು. ದೂರದೇಶದಿಂದ ಬಂದವನಿಗೂ ಸೋತವನ ಕಡೆಗೆ ಕಣ್ಣು ಹೊರಳಿತು. ನಿಜವಾದ ನೋಟಕನ ಲಕ್ಷಣವೇ ಅದು.

ಹೊಳೆಯ ಈಚೆ ದಡದಲ್ಲಿ ನಮ್ಮ ಗಂಗಾವತಿ ತಾಲ್ಲೂಕಿನ ಆನೆಗುಂದಿಯಿದೆ. ಅದೇ ಕಿಷ್ಕಿಂಧೆಯೆಂದೂ, ಗರಡಿಮನೆಗಳ ಆರಾಧ್ಯದೈವವಾದ ಹನುಮಂತನು ಅಂಜನಾದ್ರಿಯಲ್ಲಿ ಜನಿಸಿದನೆಂದೂ ನಮ್ಮವರ ನಂಬಿಕೆ. ವಾಲಿ ಸುಗ್ರೀವರ ಕಾಳಗದಲ್ಲಿ ಅಣ್ಣನಾರು ತಮ್ಮನಾರು ಎಂಬ ಗುರುತು ಹತ್ತದೆ, ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿಯನ್ನು ಹಾಕಿ ಎರಡನೆಯ ಬಾರಿ ಕಳುಹಿಸಬೇಕಾಯಿತು. ಇಂದು ಒಬ್ಬನಿಗೆ ಕೆಂಪು, ಇನ್ನೊಬ್ಬನಿಗೆ ನೀಲಿ ಉಡುಪು ತೊಡಿಸುವುದೂ ಇದಕ್ಕಾಗಿಯೇ ಅಲ್ಲವೆ? ಮರೆಯಿಂದ ಬಂದ ಬಾಣದ ಧರ್ಮಸೂಕ್ಷ್ಮವನ್ನು ಪಂಡಿತರು ವಿಚಾರಿಸಲಿ. ಇಬ್ಬರ ಕುಸ್ತಿಯನ್ನು ಇಬ್ಬರಿಗೇ ಬಿಡಬೇಕೆಂಬ ಚಡಪಡಿಕೆ ಮಾತ್ರ ಆ ಕಥೆ ಕೇಳಿದಾಗಲೆಲ್ಲ ನನ್ನೊಳಗಿನ ನೋಟಕನಿಗೆ ಆಗದೆ ಇರದು.

ಕಣದಿಂದ ಬಹುದೂರದ ಕುಸ್ತಿಯೂ ನನ್ನನ್ನು ಆಳಿದುದುಂಟು. ಗಾಮಾ ಪೈಲ್ವಾನನು 1910 ರಲ್ಲಿ ಲಂಡನ್ನಿನಲ್ಲಿ ಜಿಬಿಸ್ಕೋನೊಡನೆ ಎರಡು ಗಂಟೆಗೂ ಮಿಕ್ಕಿ ಸೆಣಸಿದುದನ್ನೂ, 1928 ರಲ್ಲಿ ಪಟಿಯಾಲದಲ್ಲಿ ಅದೇ ಎದುರಾಳಿಯನ್ನು ಒಂದು ನಿಮಿಷದೊಳಗೆ ಕೆಡವಿದುದನ್ನೂ ನನ್ನ ತಂದೆ ತಾವೇ ಕಂಡಂತೆ ವರ್ಣಿಸುತ್ತಿದ್ದರು. ನನ್ನ ಕಾಲಕ್ಕೆ ದಾರಾಸಿಂಗ್ ಬಂದನು. ಬೆಟ್ಟದಂಥ ಕಿಂಗ್‌ಕಾಂಗನೊಡನೆ ಅವನ ಸೆಣಸಾಟದ ಸುದ್ದಿ, 1968 ರಲ್ಲಿ ಮುಂಬಯಿಯಲ್ಲಿ ಅಮೇರಿಕೆಯ ಲೂ ಥೆಸ್ಜ್‌ನನ್ನು ಸೋಲಿಸಿದ ಸುದ್ದಿ, ಎಲ್ಲವೂ ಚಹದಂಗಡಿಯಲ್ಲಿ ಗಟ್ಟಿಯಾಗಿ ಓದಲ್ಪಡುತ್ತಿದ್ದುವು. ಅದೇ ದಾರಾಸಿಂಗ್ 1987 ರಲ್ಲಿ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾಗಿ ಕಾಣಿಸಿಕೊಂಡಾಗ, ಪೈಲ್ವಾನನು ತನ್ನ ದೇವರನ್ನೇ ಸೇರಿದನೆಂದು ನಾನು ಸಂತೋಷಪಟ್ಟೆ.

ಅನಂತರ ಟೀವಿಯಲ್ಲಿ ಅಮೇರಿಕೆಯ ಕುಸ್ತಿ ಬಂದಿತು. “ಎಲ್ಲಾ ಮೊದಲ ಮಾತಾಡಿಕೊಂಡಿರ್ತಾರ ಅಜ್ಜಾ, ಅದು ಸುಳ್ಳು” ಎಂದು ಮೊಮ್ಮಗ ಗುಟ್ಟು ಒಡೆದ. ಗುಟ್ಟೇನು ಬಂತು! 1989 ರಲ್ಲಿ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ಆ ವ್ಯಾಪಾರದವರೇ, ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿದ್ದರು. ಬಯಲಾಟದಲ್ಲಿ ದುರ್ಯೋಧನನ ತೊಡೆ ಮುರಿಯುವುದೆಂದು ಯಾರಿಗೆ ತಿಳಿಯದು? ಆದರೂ ನಮ್ಮ ಹಳ್ಳಿಗರು ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂಡುತ್ತಾರೆ. ಫಲಿತಾಂಶ ಮೊದಲೇ ಗೊತ್ತಿದ್ದರೂ ಬೀಳುವ ಮೈಗೆ ಆಗುವ ನೋವು ಸುಳ್ಳಲ್ಲ. ಬಿದ್ದು ತೋರಿಸುವ ವಿದ್ಯೆಯೂ ಸುಳ್ಳಲ್ಲ. ಆಟವನ್ನು ಆಟವೆಂದೇ ನೋಡಿದೆ, ಕುಸ್ತಿಯನ್ನು ಕುಸ್ತಿಯೆಂದೇ ನೋಡಿದೆ, ಎರಡರಿಂದಲೂ ಸುಖಪಟ್ಟೆ.

ಆದರೆ ನೋಡುವುದೆಂದರೆ ಸುಖಪಡುವುದಷ್ಟೇ ಅಲ್ಲವೆಂಬುದನ್ನು ಗಂಗಾವತಿಯ ಅಕ್ಕಿ ಗಿರಣಿಯೊಂದು ನನಗೆ ತಿಳಿಸಿತು. 1996 ರಲ್ಲಿ ಮಗಳ ಮದುವೆಗೆ ಅಕ್ಕಿ ಕೊಳ್ಳಲು ಅಲ್ಲಿಗೆ ಹೋಗಿದ್ದೆ. ಮೂಟೆ ಹೊರುತ್ತಿದ್ದ ಹಮಾಲರಲ್ಲಿ ಒಬ್ಬ ವೃದ್ಧನ ಕಿವಿಗಳು ಹಿಂಡಿ ಒಣಗಿಸಿದಂತೆ ಮುದುಡಿದ್ದುವು. ಅದು ಗರಡಿಯ ಮುದ್ರೆ. ಮುಖವನ್ನು ದಿಟ್ಟಿಸಿದೆ, ಗುರುತು ಹತ್ತಿತು. 1964 ರಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಜಾತ್ರೆಯಲ್ಲಿ ಬೆಳ್ಳಿ ಕಡಗದ ಕುಸ್ತಿ ಹಿಡಿದು ಸೋತವರು ಅವರು. ಅಂದು ಅವರು ಎದುರಾಳಿಯ ತೋಳನ್ನು ಹಿಂದಕ್ಕೆ ತಿರುವಿ ಹಿಡಿದಿದ್ದರು. ಇನ್ನೊಂದು ತಿರುವು ಕೊಟ್ಟಿದ್ದರೆ ಮೊಣಕೈ ಮುರಿಯುತ್ತಿತ್ತು. ಅದನ್ನರಿತು ಒಂದು ಕ್ಷಣ ಹಿಡಿತ ಸಡಿಲಿಸಿದರು. ಎದುರಾಳಿ ಜಾರಿಕೊಂಡು ಹೊರಳಿ ಅವರನ್ನೇ ಚಿತ್ ಮಾಡಿದನು. ಹಲಗೆ ಮೊಳಗಿತು, ಜನ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

“ಪೈಲ್ವಾನರ, ಅವತ್ತ ನೀವು ಕೈ ಸಡಿಲ ಬಿಟ್ರಿ. ಇಲ್ಲಾಂದ್ರ ಕಡಗ ನಿಮ್ಮದ ಇತ್ತು” ಎಂದೆ.

ಮೂಟೆಯನ್ನು ಇಳಿಸಿ ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. “ಅದನ್ನ ನೀವು ನೋಡಿದ್ರೇನ್ರಿ?” ಎಂದು ಕೇಳಿದರು. ಬಳಿಕ ಪಕ್ಕದಲ್ಲಿ ಮೂಟೆ ಹೊಲಿಯುತ್ತಿದ್ದ ಮಗನ ಕಡೆಗೆ ತಿರುಗಿ, “ಕೇಳಿದೇನಪಾ?” ಎಂದರು. ಇನ್ನೇನೂ ಹೇಳಲಿಲ್ಲ. ಅಪ್ಪ ಕಡಗ ಕಳೆದುಕೊಂಡನೆಂಬ ಮಾತನ್ನಷ್ಟೇ ಊರವರಿಂದ ಕೇಳುತ್ತ ಬೆಳೆದಿದ್ದ ಆ ಮಗ, ಸೂಜಿ ಕೆಳಗಿಟ್ಟು ಎದ್ದು ನಿಂತನು.

ಮಣ್ಣಿನ ಕುಸ್ತಿಗೆ ಲೆಕ್ಕದ ಪುಸ್ತಕವಿಲ್ಲ. ಮ್ಯಾಟಿನ ಮೇಲಿನ ಕುಸ್ತಿಗೆ ಅಂಕಗಳಿವೆ, ಚಿತ್ರಮುದ್ರಣವಿದೆ. ನೆರೆಯ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020 ರಲ್ಲಿ ದೆಹಲಿಯ ಏಷ್ಯನ್ ಕುಸ್ತಿ ಪಂದ್ಯಾವಳಿಯಲ್ಲಿ ಕಂಚು ಗೆದ್ದುದು ಎಂದೆಂದಿಗೂ ದಾಖಲೆಯಲ್ಲಿರುತ್ತದೆ. ಅದು ಆಗಬೇಕಾದುದೇ. ಆದರೆ ನಮ್ಮ ಜಾತ್ರೆಯ ಕಣವನ್ನು ಮರುದಿನ ದನಗಳು ತುಳಿದು ಹೋಗುತ್ತವೆ. ಅಲ್ಲಿ ತೋರಿದ ಧೈರ್ಯ, ದಾಕ್ಷಿಣ್ಯ, ಒಂದು ಕ್ಷಣದ ದಯೆ, ಎಲ್ಲವೂ ಅಂಚಿನಲ್ಲಿ ಕುಳಿತವನ ನೆನಪಿನಲ್ಲಿ ಉಳಿದರೆ ಉಳಿದೀತು, ಇಲ್ಲವಾದರೆ ಇಲ್ಲ. ಅವನು ಎದ್ದು ಹೋದ ದಿನ ಸೋತವನು ಎರಡನೆಯ ಬಾರಿ ಸೋಲುತ್ತಾನೆ.

ಈಗ ನನ್ನ ಕಣ್ಣು ಮಂಜಾಗಿದೆ. ಹೆಸರುಗಳು ನಾಲಿಗೆಯ ತುದಿಯವರೆಗೆ ಬಂದು ಹಿಂದಿರುಗುತ್ತವೆ. ಅದಕ್ಕಾಗಿಯೇ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಕಂಡ ಕುಸ್ತಿಗಳನ್ನು ನೆನಪಾದಂತೆ ಬರೆಯುತ್ತೇನೆ. ಎಡಗಡೆ ಗೆದ್ದವನ ಹೆಸರು, ಬಲಗಡೆ ಸೋತವನದು. ಸೋತವನಿಗೆ ಒಂದೆರಡು ಸಾಲು ಹೆಚ್ಚು. ಅಕ್ಷರ ವಕ್ರವಾಗುತ್ತಿರುವುದನ್ನು ಕಂಡು ಈಚೆಗೆ ಮೊಮ್ಮಗನು ಪೆನ್ನನ್ನು ತಾನೇ ತೆಗೆದುಕೊಂಡಿದ್ದಾನೆ. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ, ನಡುನಡುವೆ “ಆಮ್ಯಾಲ ಏನಾತು ಅಜ್ಜಾ?” ಎನ್ನುತ್ತಾನೆ. ಈ ವರ್ಷದ ಜಾತ್ರೆಗೆ ಅವನೂ ಬರುವನಂತೆ. ಪುಸ್ತಕದಲ್ಲಿ ಇನ್ನೂ ಮೂವತ್ತು ಪುಟಗಳು ಖಾಲಿ ಇವೆ.