ಮರೀನ್ ನೀರಿನಾಗ ಏನದ?

ನಮ್ಮ ಮಗಳು-ಅಳಿಯ ಮರೀನ್ ಕೌಂಟಿಯೊಳಗ ಮನಿ ನೋಡ್ಲಿಕ್ಕತ್ತಾರ ಅನ್ನೋ ಸುದ್ದಿ ಹೊರಗ ಬಿದ್ದ ಮರುದಿನನ ಬೀಗತ್ಯಾರ ಫೋನ್ ಬಂತು. "ಅಲ್ರೀ ಬೀಗರ, ಅಲ್ಲೆ ಹೆಣ್ಣಮಕ್ಕಳಿಗೆ ಎದಿ ಕ್ಯಾನ್ಸರ್ ಭಾಳಂತ, ನೀರಿನಾಗ ಏನೋ ಅದ ಅಂತ. ನನ್ನ ಮಾತು ಕೇಳಂಗಿಲ್ಲ, ನೀವರ ನಿಮ್ಮ ಮಗಳಿಗೆ ಹೇಳ್ರಿ" ಅಂದ್ರು. ಅವರು ಸುಳ್ಳ ಹೆದರಸೋ ಪೈಕಿ ಅಲ್ಲ. ಅವರ ಅಕ್ಕ ಅದರಾಗ ಹೋಗ್ಯಾರ. ಹಿಂಗಾಗಿ ನಾ ನಗಲಿಲ್ಲ, "ನೋಡಿ ಹೇಳ್ತೀನ್ರಿ" ಅಂದೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಾಗ ಗಣಿತ ಹೇಳಿದಾಕಿ ನಾ, ಅಂಕಿ-ಸಂಖ್ಯಾ ಅಂದ್ರ ಬಿಡಂಗಿಲ್ಲ. ನಿಮಗೆಲ್ಲಾ ಗೊತ್ತಿದ್ದದ್ದ ಅದ.

ಮರೀನ್ ಅಂದ್ರ ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವಿ ದಾಟಿದ್ರ ಸಿಗೋ ಕೌಂಟಿ. ಕೌಂಟಿ ಅಂದ್ರ ನಮ್ಮ ಜಿಲ್ಲಾ ಇದ್ದಂಗ. ಕ್ಯಾಲಿಫೋರ್ನಿಯಾದಾಗ ಅಂಥಾವು 58 ಅವ. ಮರೀನ್ ಜನಸಂಖ್ಯಾ 2020ರ ಜನಗಣತಿ ಪ್ರಕಾರ 2 ಲಕ್ಷ 62 ಸಾವಿರ, ಅಂದ್ರ ನಮ್ಮ ಒಂದು ತಾಲೂಕಿನಷ್ಟು. ಗುಡ್ಡ, ಸಮುದ್ರ, ಹಸರು, ಮತ್ತ ರೊಕ್ಕ. ನಾ ಬಾಣಂತನಕ್ಕ ಹೋದಾಗ ಒಂದು ರವಿವಾರ ಅಲ್ಲೆ ಕರಕೊಂಡು ಹೋಗಿದ್ರು. ಅಲ್ಲೆ ಒಂದು ಕಾಫಿಗೆ ಕೊಟ್ಟ ರೊಕ್ಕದಾಗ ನಮ್ಮ ಮನಿಗೆ ಒಂದು ವಾರದ ಕಾಯಿಪಲ್ಯಾ ಬರ್ತದ.

ಬೀಗತ್ಯಾರು ಕೇಳಿದ್ದು ಖರೇನ ಅದ. 1990ರ ದಶಕದಾಗ ಮರೀನ್ ಹೆಣ್ಣಮಕ್ಕಳೊಳಗ ಎದಿ ಕ್ಯಾನ್ಸರ್ ಪ್ರಮಾಣ ಸುತ್ತಮುತ್ತಲಿನ ಕೌಂಟಿಗಿಂತ ಭಾಳ ಏರಿತ್ತು. ಪೇಪರಿನಾಗೆಲ್ಲಾ ಬಂತು. ನೀರಿನಾಗ ಅದ ಅಂದ್ರು, ಗಿಡಕ್ಕ ಹೊಡಿಯೋ ಔಷಧದಾಗ ಅದ ಅಂದ್ರು, ಕರೆಂಟ್ ತಂತಿ ಅಂದ್ರು. 2002ರಾಗ ಅಲ್ಲಿ ಹೆಂಗಸರು ತಾವ ಗುಂಪು ಕಟಗೊಂಡು ಮನಿ ಮನಿ ಬಾಗಲಾ ಬಡದು, ನಿಮ್ಮನ್ಯಾಗ ಯಾರಿಗೆ ಆಗ್ಯದ, ಏನ ತಿಂತೀರಿ, ಏನ ಬಳಸ್ತೀರಿ ಅಂತ ಕೇಳಿ ಬರಕೊಂಡ್ರು. ಇದನ್ನ ಓದಿದಾಗ ನಂಗ ಭಾಳ ಹಿಡಸ್ತು. ನಮ್ಮ ಓಣ್ಯಾಗ ಹಳದಿ-ಕುಂಕುಮಕ್ಕ ಕರೀಲಿಕ್ಕೆ ಹೋದಂಗ ಮನಿ ಮನಿ ಹೋಗ್ಯಾರ ನೋಡ್ರಿ.

ಆದ್ರ ಸಂಶೋಧನಾ ಮಾಡಿದವರು ಕೌಂಟಿ ಅನ್ನೋ ಗೆರಿ ಅಳಿಸಿ, ಸಣ್ಣ ಸಣ್ಣ ಓಣಿ ಲೆಕ್ಕದಾಗ ನೋಡಿದಾಗ ಬ್ಯಾರೆನ ಕಾಣಸ್ತು. ಮರೀನ್ ಹೊರಗಿದ್ರೂ, ಅಷ್ಟ ಓದಿದ, ಅಷ್ಟ ಶ್ರೀಮಂತ, ತಡಾ ಮಾಡಿ ಮಕ್ಕಳನ್ನ ಹಡದ ಹೆಣ್ಣಮಕ್ಕಳು ಇರೋ ಓಣ್ಯಾಗೂ ಪ್ರಮಾಣ ಹಂಗ ಇತ್ತು. ಅಂದ್ರ ರೋಗ ಆ ಮಣ್ಣಿಗೆ ಅಂಟಿದ್ದಲ್ಲ. ಅಂಥಾ ಹೆಣ್ಣಮಕ್ಕಳು ಮರೀನ್‌ದಾಗ ಹೆಚ್ಚು ಕೂಡ್ಯಾರ, ಅಷ್ಟ.

ಇದಕ್ಕ ಕಾರಣ ನಮ್ಮ ಮೈಯಾಗ ಅದ. ಮೈನೆರದಾಗಿಂದ ಮುಟ್ಟು ನಿಲ್ಲೋತನಕ ತಿಂಗಳಾ ತಿಂಗಳಾ ಏರಿಳಿಯೋ ಹಾರ್ಮೋನು ಎದಿಯೊಳಗಿನ ಕಣಗಳನ್ನ ಬೆಳಸ್ತಾವ. ಬಸುರು, ಹಾಲು ಕುಡಸೋದು ಅದಕ್ಕ ನಡುವ ತಡಿ ಹಾಕ್ತಾವ. ಎಳೇ ವಯಸ್ಸಿನಾಗ ಮೊದಲನೇ ಬಾಣಂತನ ಆದವರಿಗೆ ಸ್ವಲ್ಪ ರಕ್ಷಣಿ, ಮೂವತ್ತು ದಾಟಿದ ಮ್ಯಾಲೆ ಆದವರಿಗೆ, ಆಗದ ಇದ್ದವರಿಗೆ ಸ್ವಲ್ಪ ಹೆಚ್ಚು. ಇಟಲಿಯ ರಾಮಾಝಿನಿ ಅನ್ನೋ ವೈದ್ಯ ಹದಿನೆಂಟನೇ ಶತಮಾನದ ಶುರುವಾತಿನಾಗನ, ಮಠದಾಗಿರೋ ಸನ್ಯಾಸಿನಿಯರಿಗೆ ಈ ರೋಗ ಹೆಚ್ಚು ಅಂತ ಬರದಿಟ್ಟಾನ. ಮ್ಯಾಲೆ ದಾರೂ ಸೇರ್ತದ. ಅಲ್ಲೆ ರಾತ್ರಿ ಊಟದ ಜೋಡಿ ಒಂದು ಗ್ಲಾಸು ವೈನು ಅಂದ್ರ ನಮ್ಮ ಮಜ್ಜಿಗಿ ಇದ್ದಂಗ, ಆದ್ರ ದಿನಾ ಒಂದ ಗ್ಲಾಸಾದ್ರೂ ಎದಿ ಕ್ಯಾನ್ಸರಿನ ಅಪಾಯ ಒಂಚೂರು ಏರ್ತದ. ಇದನ್ನ ಕೇಳಿ ನೀವೆಲ್ಲಾ ಮಕ್ಕಳಿಗೆ "ಲಗೂ ಹಡೀರಿ" ಅಂತ ಬೆನ್ನ ಹತ್ತಬ್ಯಾಡ್ರಿ. ಒಬ್ಬಾಕಿಗೆ ಬರೋ ಅಪಾಯದಾಗ ಇದರಿಂದ ಆಗೋ ಫರಕು ಸಣ್ಣದು. ಲಕ್ಷ ಮಂದಿ ಲೆಕ್ಕದಾಗ ಕಣ್ಣಿಗೆ ಬೀಳ್ತದ.

ದೊಡ್ಡ ವಿಷಯ ಇನ್ನೊಂದದ. ಮುಟ್ಟು ನಿಂತ ಮ್ಯಾಲೆ ಮೈ ಧಗಧಗ ಅಂತದಲ್ಲ, ಅದಕ್ಕಂತ ಅಮೆರಿಕಾದಾಗ ಹಾರ್ಮೋನು ಗುಳಿಗಿ ರಾಶಿಗಟ್ಟಲೆ ಕೊಡ್ತಿದ್ರು. ಡಾಕ್ಟರ ಕಡೆ ಹೋಗೋ ಅನುಕೂಲ ಇದ್ದ ಮರೀನ್ ಹೆಣ್ಣಮಕ್ಕಳು ಅದನ್ನ ಹೆಚ್ಚು ತಗೋತಿದ್ರು. 2002ರ ಜುಲೈದಾಗ, 16 ಸಾವಿರಕ್ಕೂ ಹೆಚ್ಚು ಹೆಣ್ಣಮಕ್ಕಳ ಮ್ಯಾಲೆ ನಡದಿದ್ದ ಒಂದು ದೊಡ್ಡ ಪ್ರಯೋಗನ ನಡುವ ನಿಲ್ಲಿಸಿದ್ರು. ಈಸ್ಟ್ರೋಜನ್ ಜೋಡಿ ಪ್ರೊಜೆಸ್ಟಿನ್ ಕೂಡಿಸಿದ ಗುಳಿಗಿ ತಗೊಂಡವರಿಗೆ ಎದಿ ಕ್ಯಾನ್ಸರ್ ಹೆಚ್ಚಾಗ್ತದ ಅಂತ ಗೊತ್ತಾತು. ಲಕ್ಷಾಂತರ ಮಂದಿ ಗುಳಿಗಿ ಬಿಟ್ರು. ಮರುವರ್ಷ ಇಡೀ ಅಮೆರಿಕಾದಾಗ ಹೊಸಾ ಎದಿ ಕ್ಯಾನ್ಸರ್ ನೂರಕ್ಕ ಸುಮಾರು ಏಳರಷ್ಟು ಇಳೀತು, ಮರೀನ್‌ದಾಗ ಅದಕ್ಕಿಂತ ಜೋರ ಇಳೀತು. ನೀರು ಅದ ಇತ್ತು, ಮಣ್ಣು ಅದ ಇತ್ತು. ಬೀಗತ್ಯಾರಿಗೆ ನಾ ಮೊದಲು ಇದನ್ನ ಹೇಳಿದೆ. "ಹೌದೇನ್ರೀ?" ಅಂದ್ರು, ಆದ್ರ ಪೂರಾ ಒಪ್ಪಿದ ದನಿ ಅಲ್ಲ.

ಜೋಳ ಹಸನ ಮಾಡೋ ಮಾತೂ ಹೇಳಿದೆ. ಒಬ್ಬಾಕಿ ಜೋಳನ ಮರದಾಗ ಹಾಕಿ ಕೇರಿ, ಬಿಸಲಿಗೆ ಹರವಿ, ಒಂದೊಂದು ಕಾಳು ನೋಡ್ತಾಳ. ಇನ್ನೊಬ್ಬಾಕಿ ಚೀಲದಿಂದ ಹಂಗ ಗಿರಣಿಗೆ ಕಳಸ್ತಾಳ. ಹುಳಾ ಯಾರ ಮನ್ಯಾಗ ಹೆಚ್ಚು ಸಿಗ್ತಾವ? ನೋಡಿದಾಕಿ ಮನ್ಯಾಗ. ಮರೀನ್‌ದಾಗ ಮ್ಯಾಮೊಗ್ರಾಮ್ ಮಾಡಿಸ್ಕೋಳೋರು ಹೆಚ್ಚು, ಹಿಂಗಾಗಿ ಸಣ್ಣ ಸಣ್ಣವೂ ಸಿಗ್ತಾವ, ಕೆಲವಂತೂ ಜೀವಕ್ಕ ಎಂದೂ ತೊಂದ್ರಿ ಕೊಡದ ಇರ್ತಿದ್ವು. ಆದ್ರ ಲಗೂ ಸಿಕ್ಕಿದ್ದು ವಾಸಿ ಆಗ್ತದ. ಹೆಚ್ಚು ಮಂದಿಗೆ 'ಬಂದದ' ಅಂದ್ರ ಹೆಚ್ಚು ಮಂದಿ 'ಹೋಗ್ಯಾರ' ಅಂತ ಅಲ್ಲ. ಅಮೆರಿಕಾದಾಗ ಎದಿ ಕ್ಯಾನ್ಸರ್ ಆದ ನೂರು ಹೆಣ್ಣಮಕ್ಕಳಾಗ ತೊಂಬತ್ತರಷ್ಟು ಮಂದಿ ಐದು ವರ್ಷ ದಾಟತಾರ. ನಮ್ಮ ದೇಶದಾಗ ಪ್ರಮಾಣ ಅವರಕಿಂತ ಭಾಳ ಕಡಿಮಿ, ಆದ್ರ 2020ರ ಜಾಗತಿಕ ಅಂದಾಜಿನ ಪ್ರಕಾರ ಒಂದು ವರ್ಷಕ್ಕ ಹೊಸದಾಗಿ 1 ಲಕ್ಷ 78 ಸಾವಿರ ಮಂದಿಗೆ ಬಂತು, 90 ಸಾವಿರ ಮಂದಿ ತೀರಕೊಂಡ್ರು. 'ಕಡಿಮಿ ಅದ' ಅಂತ ಎದಿ ಉಬ್ಬಸೋ ಲೆಕ್ಕ ಅಲ್ಲ ಇದು.

ಕ್ಯಾಲಿಫೋರ್ನಿಯಾದ ನಕ್ಷಾ ಮುಂದ ಇಟಗೊಂಡು ಕೂತ್ರ ಒಂದೊಂದು ಕ್ಯಾನ್ಸರಿಗೂ ಬ್ಯಾರೆ ಬ್ಯಾರೆ ಕೌಂಟಿ ಕೆಂಪಾಗ್ತಾವ. ಸಿಗರೇಟು ಹೆಚ್ಚು ಸೇದೋ ಉತ್ತರದ ಗುಡ್ಡಗಾಡಿನಾಗ ಪುಪ್ಪಸದ್ದು. ಬಿಳೇ ತೊಗಲಿನವರು ಸಮುದ್ರದಂಡಿ ಬಿಸಲಿಗೆ ಮೈ ಒಡ್ಡೋ ಮರೀನ್‌ದಂಥಾ ಕಡೆ ತೊಗಲಿನ ಮೆಲನೋಮಾ. ಹೆಪಟೈಟಿಸ್ ಬಿ ಹೆಚ್ಚಿರೋ ಏಷ್ಯಾದ ದೇಶಗಳಿಂದ ಬಂದವರು ಇರೋ ಕಡೆ ಲಿವರಿಂದು. ಒಟ್ಟಿನ ಮ್ಯಾಲೆ 'ಕ್ಯಾನ್ಸರ್ ಕೌಂಟಿ' ಅನ್ನೋ ಮಾತಿಗೆ ಅರ್ಥನ ಇಲ್ಲ, ಯಾವ ಕ್ಯಾನ್ಸರ್ ಅಂತ ಮೊದಲು ಕೇಳಬೇಕು.

ಎರಡನೇದು ವಯಸ್ಸು. ಬರೇ ಅಜ್ಜಿಯಂದ್ರ ಇರೋ ವಾಡೇದಾಗ ಮಣಕಾಲ ನೋವು ಎಷ್ಟು ಮಂದಿಗೆ ಅಂತ ಎಣಿಸಿ, ಲೇಡೀಸ್ ಹಾಸ್ಟೆಲಿಗೆ ಹೋಲಿಸಿದ್ರ ನಡೀತದೇನು? ಅದಕ್ಕ ಅಮೆರಿಕಾದವರು ಎಲ್ಲಾ ಕೌಂಟಿಯೊಳಗೂ 2000ದ ಇಸ್ವಿಯ ಅಮೆರಿಕಾದಾಗ ಇದ್ದಷ್ಟ ಮುದುಕರು, ಅಷ್ಟ ಹುಡುಗರು ಇದ್ದಾರ ಅಂತ ತಿಳಕೊಂಡು ಲೆಕ್ಕ ಸರಿ ಮಾಡ್ತಾರ.

ಮೂರನೇದು ನನಗ ಭಾಳ ಪ್ರೀತಿಯ ವಿಷಯ. ಆ ರಾಜ್ಯದಾಗನ ಆಲ್ಪೈನ್ ಅಂತ ಒಂದು ಕೌಂಟಿ ಅದ, ಇಡೀ ಜನಸಂಖ್ಯಾ 1,200. ಅಲ್ಲೆ ಒಬ್ಬರಿಗೆ ಒಂದು ರೋಗ ಬಂದ್ರ ಲಕ್ಷಕ್ಕ 83 ಅಂತ ಲೆಕ್ಕ ಬರ್ತದ. ಯಾರಿಗೂ ಬರಲಿಲ್ಲಂದ್ರ ಸೊನ್ನಿ. ಮನ್ಯಾಗ ಎರಡು ತೆಂಗಿನಕಾಯಿ ಇದ್ದು ಒಂದು ಕೆಟ್ರ ಅರ್ಧಕ್ಕರ್ಧ ಕೆಟ್ಟಂಗ, ನೂರು ತಂದ್ರ ಏಳೋ ಎಂಟೋ. ಅಮೆರಿಕಾದಾಗ ಕಿಡ್ನಿ ಕ್ಯಾನ್ಸರ್ ಅತೀ ಕಡಿಮಿ ಇರೋ ಕೌಂಟಿ ಯಾವು ಅಂತ ನೋಡಿದ್ರ ಸಣ್ಣ ಸಣ್ಣ ಹಳ್ಳಿ ಕೌಂಟಿ. ಆಹಾ, ಹಳ್ಳಿ ಗಾಳಿ, ತಾಜಾ ಊಟ ಅನ್ನಬೇಕು ಅನಸ್ತದ. ಅತೀ ಹೆಚ್ಚು ಇರೋವು? ಅವೂ ಸಣ್ಣ ಸಣ್ಣ ಹಳ್ಳಿ ಕೌಂಟಿನ! ಮಂದಿ ಕಡಿಮಿ ಇದ್ದಲ್ಲೆ ಲೆಕ್ಕ ಜೋಕಾಲಿ ಆಡ್ತದ. ಅದಕ್ಕ ಅಲ್ಲಿ ಸರಕಾರದ ಕೌಂಟಿವಾರು ಪಟ್ಟಿಯೊಳಗ 16ಕ್ಕಿಂತ ಕಡಿಮಿ ಮಂದಿ ಇದ್ದಲ್ಲೆ ಅಂಕಿ ಕೊಡೂದ ಇಲ್ಲ. ಯಾರ ಮನಿ ಸುದ್ದಿ ಅಂತ ಗೊತ್ತಾಗಬಾರದು ಅನ್ನೋದೂ ಒಂದು ಕಾರಣ.

ನಮ್ಮಲ್ಲೂ ಜಿಲ್ಲಾ ಜಿಲ್ಲಾಕ್ಕ ಫರಕು ಅದ. 2020ರಾಗ ಬಂದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ವರದಿಯೊಳಗ ಮಿಜೋರಾಮಿನ ಐಜ್ವಾಲ್ ಜಿಲ್ಲಾದಾಗ ಗಂಡಸರ ಪ್ರಮಾಣ ಲಕ್ಷಕ್ಕ 269, ನಮ್ಮ ಬೀದರ ಬಾಜೂ ಇರೋ ಮಹಾರಾಷ್ಟ್ರದ ಉಸ್ಮಾನಾಬಾದ್, ಬೀಡ ಕಡೆ 40ರ ಆಸುಪಾಸು. ಐಜ್ವಾಲ್‌ದಾಗ ತಂಬಾಕು ಭಾಳ, ಹೊಗಿ ಹಾಕಿದ ಮಾಂಸ ಭಾಳ, ತಂಬಾಕಿನ ಹೊಗಿ ಇಳಿಸಿದ ನೀರನ್ನೂ ಬಾಯಾಗ ಹಿಡೀತಾರ. ಉಸ್ಮಾನಾಬಾದ್ ಕಡೆ ಖರೇನ ಕಡಿಮಿ ಇರಬಹುದು. ಆದ್ರ ದವಾಖಾನಿಗೆ ಹೋಗದ ಮನ್ಯಾಗನ ತೀರಕೊಂಡ ಮುದುಕಿ ಯಾವ ಪಟ್ಟಿಗೂ ಬರಂಗಿಲ್ಲ ಅನ್ನೋದು ನನ್ನ ತಲಿಯಿಂದ ಹೋಗವಲ್ದು.

ಮಗಳ ಮಾತಿಗೆ ಬರ್ತೀನಿ. ಆಕಿಗೆ ಈಗ 37, ಮೊದಲನೇ ಹಡದದ್ದು 34ಕ್ಕ. ಇಪ್ಪತ್ನಾಲ್ಕು ವರ್ಷ ಧಾರವಾಡದ ನೀರು ಕುಡದಾಳ, ನಾಳೆ ಮರೀನ್‌ಗೆ ಹೋದ ಎರಡ ವರ್ಷಕ್ಕ ಏನರ ಆದ್ರ ಆಕಿ ಹೆಸರು ಮರೀನ್ ಲೆಕ್ಕಕ್ಕ ಹೋಗ್ತದ. ಆಕಿ ಅಪಾಯ ಆಕಿ ಜೋಡೀನ ಬರ್ತದ, ಯಾವ ಕೌಂಟಿಗೆ ಹೋದ್ರೂ. ಹಿಂಗಾಗಿ ನಾ "ಮನಿ ತಗೋ, ನಲವತ್ತು ತುಂಬಿದ ವರ್ಷ ಮ್ಯಾಮೊಗ್ರಾಮ್ ಶುರು ಮಾಡು, ಆಮ್ಯಾಲೆ ಎರಡು ವರ್ಷಕ್ಕೊಮ್ಮೆ ತಪ್ಪಸಬ್ಯಾಡ" ಅಂದೆ. ಬೀಗತ್ಯಾರಿಗೂ ಅದನ್ನ ಹೇಳಿದೆ. ಅವರ ಅಕ್ಕನ ಸಂಬಂಧ ನಮ್ಮ ಮಗಳಿಗೆ ರಕ್ತದ್ದಲ್ಲ, ಆದ್ರ ಅವರಿಗ ಅದ, ಅವರ ಮಗಳಿಗೂ ಅದ. ಫೋನಿನಾಗ ಸ್ವಲ್ಪ ಹೊತ್ತು ಸುಮ್ಮನಾದ್ರು. "ನನಗ ಯಾರೂ ಹಿಂಗ ಹೇಳಿದ್ದಿಲ್ರಿ" ಅಂದ್ರು.

ಈ ಮಾತೆಲ್ಲಾ ನಾ ಪಡಸಾಲ್ಯಾಗ ಕೂತು ಆಡೋವಾಗ ನಮ್ಮ ನೆಗೆಣ್ಣಿ ಮೆಂತೆ ಸೊಪ್ಪು ಸೋಸಕೋತ ಕೂತಿದ್ಲು. ಫೋನಿಟ್ಟ ಮ್ಯಾಲೆ, ಮುಖಾ ಎತ್ತದನ ಕೇಳಿದ್ಲು: "ಅಕ್ಕಾ, ಗಂಟು ನೋವಿಲ್ಲಂದ್ರ ಏನೂ ಇಲ್ಲ ಹೌದಲ್ಲ?"

ನೋವಿಲ್ಲದ ಗಂಟನ್ನ ಮೊದಲು ತೋರಸಬೇಕು. ಐದು ತಿಂಗಳಿಂದ ಯಾರ ಮುಂದೂ ಅಂದಿದ್ದಿಲ್ಲ ಆಕಿ. ಮಗನ ಪರೀಕ್ಷಾ, ಮಾವನ ಶ್ರಾದ್ಧ, ಶ್ರಾವಣ, ಒಂದಾದ ಮ್ಯಾಲೊಂದು ಅಂತ. ಮೂವತ್ತು ದಾಟಿದ ಹೆಣ್ಣಮಕ್ಕಳಿಗೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಬಾಯಿ, ಎದಿ, ಗರ್ಭಕೊರಳು ಮೂರೂ ತಪಾಸಣಿ ಮಾಡೋ ವ್ಯವಸ್ಥಾ ಅದ, ಆಶಾ ಕಾರ್ಯಕರ್ತೆಯರನ್ನ ಕೇಳಿದ್ರ ಹೇಳ್ತಾರ. ನಾವು ನೆಟ್ಟಗ ಹುಬ್ಬಳ್ಳಿಗೆ ಹೋದ್ವಿ. ಮ್ಯಾಮೊಗ್ರಾಮ್, ಸೂಜಿ ಹಾಕಿ ತಗಿಯೋದು, ಎಲ್ಲಾ ಒಂದು ವಾರದಾಗ ಆತು. ಇದ್ದದ್ದು ಅದನ. ಆದ್ರ ಬಗಲಿಗೆ ಹಬ್ಬಿದ್ದಿಲ್ಲ. ಆಪರೇಶನ್ ಆಗ್ಯದ, ಈಗ ರೇಡಿಯೇಶನ್ ನಡದದ, ಸೋಮವಾರದಿಂದ ಶುಕ್ರವಾರದತನಕ ದಿನಾ ಮುಂಜಾನೆ ಎಂಟರ ಬಸ್ಸಿಗೆ ನಾವಿಬ್ಬರೂ ಹೋಗ್ತೀವಿ. ಆಕಿ ಬಸ್ಸಿನಾಗ ನಿದ್ದಿ ಹೊಡೀತಾಳ, ನಾ ಬುತ್ತಿ ಚೀಲಾ ಹಿಡಕೊಂಡು ಕೂತಿರ್ತೀನಿ.

ಮೊದಲನೇ ದಿನ ಅಲ್ಲೆ ಒಬ್ಬಾಕಿ ಹುಡುಗಿ ಉದ್ದನೆ ಫಾರ್ಮ್ ಹಿಡಕೊಂಡು ಬಂದು ಕೂತ್ಲು. ವಯಸ್ಸು, ತಾಲೂಕು, ಮಕ್ಕಳೆಷ್ಟು, ಮೊದಲನೇದು ಹುಟ್ಟಿದಾಗ ನಿಮಗೆಷ್ಟು ವರ್ಷ, ಎಷ್ಟು ತಿಂಗಳು ಹಾಲು ಕುಡಸೀರಿ, ತಂಬಾಕು ಅದ ಏನು, ಎಲ್ಲಾ ಕೇಳಿ ಕೇಳಿ ತುಂಬಿಕೊಂಡ್ಲು. ಕಡೀಕ, "ಧಾರವಾಡದಾಗ ಎಷ್ಟು ವರ್ಷದಿಂದ ಇದ್ದೀರಿ?" ಅಂದ್ಲು. ನೆಗೆಣ್ಣಿ ನನ್ನ ಮುಖಾ ನೋಡಿ, ಬೆರಳು ಎಣಿಸಿ, "ಮದುವಿ ಆಗಿ ಬಂದಾಗಿಂದ ಇಲ್ಲೇನ, ಮೂವತ್ತೊಂದು" ಅಂದ್ಲು. ಹುಡುಗಿ 31 ಅಂತ ಬರಕೊಂಡು, ಮುಂದಿನವರನ್ನ ಕರೀಲಿಕ್ಕೆ ಎದ್ಲು.